ಮೂರು ಮಿಲಿಮೀಟರ್ ಹಿಂದಕ್ಕೆ

ಬಣ್ಣ ಹಚ್ಚುವ ಮೊದಲು ಗಿಟಾರನ್ನು ಬರಿಮರದಲ್ಲೇ ಒಮ್ಮೆ ಪೂರ್ತಿ ಜೋಡಿಸಿ ನೋಡಬೇಕೆಂದು ಎಲ್ಲೋ ಓದಿದ್ದೆ. ಮನೆಯಲ್ಲಿ ಮಾಡುತ್ತಿದ್ದ ನನ್ನ ಎಲೆಕ್ಟ್ರಿಕ್ ಗಿಟಾರನ್ನು ಹಾಗೆಯೇ ಜೋಡಿಸಿ, ಅತಿ ತೆಳುವಾದ ಒಂದನೆಯ ತಂತಿಯನ್ನೂ ಅತಿ ದಪ್ಪದ ಆರನೆಯ ತಂತಿಯನ್ನೂ ಮಾತ್ರ ಕಟ್ಟಿ ಶ್ರುತಿ ಮಾಡಿದೆ. ಬೆರಳೊತ್ತದೆ ಮೀಟಿದಾಗ ಎರಡೂ ಸರಿಯಾಗಿ ದನಿಗೊಟ್ಟವು. ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಿಗೆ ಫ್ರೆಟ್ ಎನ್ನುತ್ತಾರೆ. ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಿದೆ. ಅಲ್ಲಿ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರಬೇಕು. ಬಂದದ್ದು ಅದಕ್ಕಿಂತ ತುಸು ಏರಿದ ಸ್ವರ. ಮೊಬೈಲಿನ ಟ್ಯೂನರಿನಲ್ಲಿ ಸೂಜಿ ಎರಡು ತಂತಿಗೂ ಬಲಕ್ಕೇ ವಾಲಿತು. ತಂತಿ ಕೂರುವ ಸ್ಯಾಡಲ್‌ಗಳನ್ನು ಸ್ಪ್ರಿಂಗ್ ಪೂರ್ತಿ ಒತ್ತುವವರೆಗೆ ಹಿಂದಕ್ಕೆ ಸರಿಸಿದೆ. ತೆಳು ತಂತಿ ಹೇಗೋ ದಾರಿಗೆ ಬಂತು, ದಪ್ಪ ತಂತಿ ಬರಲಿಲ್ಲ.

ಟೇಪ್ ಹಿಡಿದು ಅಳೆದೆ. ನನ್ನ ಗಿಟಾರಿನ ಅಳತೆ 648 ಮಿ.ಮೀ. ಅಂದರೆ ತಲೆಯ ಬಳಿ ತಂತಿಗಳನ್ನು ಹಿಡಿದಿಡುವ ಮೂಳೆಪಟ್ಟಿಯಿಂದ (ಗಿಟಾರಿನವರು ಇದನ್ನು ನಟ್ ಎನ್ನುತ್ತಾರೆ) ಹನ್ನೆರಡನೆಯ ಫ್ರೆಟ್ಟಿಗೆ 324, ಅಲ್ಲಿಂದ ಸ್ಯಾಡಲ್‌ಗೆ ಮತ್ತೆ 324. ಸ್ಯಾಡಲ್‌ಗಳನ್ನು ಹೊತ್ತ ಲೋಹದ ತಗಡಾದ ಬ್ರಿಜ್ ಕೂರಿಸಲು ನಾನು ಹಾಕಿದ್ದ ಗೆರೆ 321ಕ್ಕೇ ನಿಂತಿತ್ತು. ಎಲ್ಲಿ ತಪ್ಪಿದೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಟ್ ಅಂಟಿಸುವ ಮೊದಲೇ ಅಳತೆ ತೆಗೆದುಕೊಂಡಿದ್ದೆ; ಟೇಪಿನ ಕೊಕ್ಕೆಯನ್ನು ನಟ್ ಕೂರುವ ಕಚ್ಚಿನ ಹಿಂಬದಿಯ ಗೋಡೆಗೆ ಸಿಕ್ಕಿಸಿದ್ದೆ. ತಂತಿ ಬಿಡುಗಡೆಯಾಗುವುದು ಮುಂಬದಿಯ ಅಂಚಿನಿಂದ. ಆ ಕಚ್ಚಿನ ಅಗಲ ಮೂರು ಮಿಲಿಮೀಟರಿಗೆ ತುಸು ಹೆಚ್ಚು. ಅಷ್ಟೇ ಅಳತೆ ಕಡಿಮೆಯಾಗಿ ಬ್ರಿಜ್ ಮುಂದಕ್ಕೆ ಬಂದಿತ್ತು. ಲೆಕ್ಕ ಹಾಕಿದರೆ ಇಷ್ಟಕ್ಕೇ ಹನ್ನೆರಡನೆಯ ಫ್ರೆಟ್ಟಿನ ಸ್ವರ ಸುಮಾರು 8 ಸೆಂಟ್ ಏರುತ್ತದೆ. ಪಕ್ಕಪಕ್ಕದ ಎರಡು ಫ್ರೆಟ್ಟುಗಳ ಸ್ವರಗಳ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ಸೆಂಟ್. ಇದರ ಮೇಲೆ, ಒತ್ತಿದಾಗ ದಪ್ಪ ತಂತಿ ಹೆಚ್ಚು ಬಿಗಿಯುವುದರಿಂದ ಅದಕ್ಕೆ ಇನ್ನೂ ಕೆಲವು ಮಿಲಿಮೀಟರ್ ಉದ್ದ ಬೇಕೇ ಬೇಕು. ಸ್ಯಾಡಲ್‌ನಲ್ಲಿ ಅಷ್ಟು ಜಾಗ ಉಳಿದಿರಲಿಲ್ಲ.

ಬ್ರಿಜ್ಜನ್ನು ಮೂರು ಮಿಲಿಮೀಟರ್ ಹಿಂದಕ್ಕೆ ಇಟ್ಟರಾಯಿತು ಎಂದು ಮೊದಲು ಅನಿಸಿತು. ಆದರೆ ಸ್ಕ್ರೂಗಳಿಗೆ ಕೊರೆದ ನಾಲ್ಕು ತೂತುಗಳೂ ಮೂರು ಮಿಲಿಮೀಟರಿನವೇ. ಹೊಸ ತೂತು ಹಳೆಯದಕ್ಕೆ ತಾಗಿಕೊಂಡೇ ಬೀಳುತ್ತದೆ. ಡ್ರಿಲ್ ಬಿಟ್ ಗಟ್ಟಿಮರ ಬಿಟ್ಟು ಹಳೆಯ ಪೊಳ್ಳಿಗೆ ಜಾರಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಉರುಟು ಕಡ್ಡಿಯನ್ನು ಫೆವಿಕಾಲ್ ಹಚ್ಚಿ ತೂತಿಗೆ ಬಡಿಯಬೇಕೆಂದುಕೊಂಡು, ಅದಕ್ಕೂ ಮೊದಲು ನಮ್ಮ ಬೀದಿಯ ಆಚಾರ್ರ ಬಳಿ ಹೋದೆ. ಸಾಗರದ ಸುತ್ತಮುತ್ತ ಎಷ್ಟೋ ಮನೆಗಳ ಬಾಗಿಲು ಕಿಟಕಿ ಮಾಡಿದ ಕೈ ಅವರದು. ಗಿಟಾರನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ.

“ಕಡ್ಡಿ ಬಡಿಯಬೇಡ ಮಾರಾಯ. ಕಡ್ಡಿಯ ನಾರು ಉದ್ದಕ್ಕೆ ನಿಂತಿರುತ್ತದೆ, ಸ್ಕ್ರೂ ಆ ನಾರನ್ನು ಸೀಳಿಕೊಂಡು ಹೋಗುತ್ತದೆ, ಕಚ್ಚಿ ಹಿಡಿಯುವುದಿಲ್ಲ. ಅದೇ ಹಲಗೆಯ ತುಂಡಿನಿಂದ ಅಡ್ಡನಾರಿನ ಬಿಲ್ಲೆ ತೆಗೆ. ತೂತನ್ನು ದೊಡ್ಡದು ಮಾಡಿ ಬಿಲ್ಲೆ ಕೂರಿಸು.”

“ಎಷ್ಟು ದೊಡ್ಡದು, ಆಚಾರ್ರೇ? ಎಂಟು ಮಿಲಿಮೀಟರ್ ಸಾಕೇ?”

“ಎಂಟು ಮಾಡಿದರೆ ನಿನ್ನ ಹೊಸ ತೂತು ಬಿಲ್ಲೆಯ ಅಂಚಿನ ಮೇಲೇ ಬೀಳುತ್ತದೆ. ಹನ್ನೆರಡು ಮಾಡು. ಹೊಸ ತೂತು ಪೂರ್ತಿ ಬಿಲ್ಲೆಯ ಒಳಗೆ ಇರಬೇಕು.”

ಮನೆಗೆ ಬಂದು ಕಾಗದದ ಮೇಲೆ ಬರೆದು ನೋಡಿದೆ. ಅವರು ಹೇಳಿದ್ದು ಕರಾರುವಾಕ್ಕಾಗಿತ್ತು. ಈ ಗಿಟಾರಿನಲ್ಲಿ ನಾನು ಕಲಿತದ್ದರಲ್ಲಿ ಅತಿ ಮುಖ್ಯವಾದದ್ದು ಆ ಮಾತು. ತಪ್ಪನ್ನು ಆದಷ್ಟು ಚಿಕ್ಕದಾಗಿಟ್ಟು ಮುಚ್ಚಿಬಿಡಬೇಕು ಎಂದು ಕೈ ತವಕಿಸುತ್ತದೆ. ಆದರೆ ಒರಟು ಅಂಚಿನ ಚಿಕ್ಕ ಗಾಯಕ್ಕೆ ಯಾವ ತೇಪೆಯೂ ಒಗ್ಗುವುದಿಲ್ಲ. ಮೊದಲು ಅದನ್ನು ಅಳೆಯಬಹುದಾದ ಆಕಾರಕ್ಕೆ ತರಬೇಕು, ದುಂಡಗೋ ಚೌಕವೋ ಪಟ್ಟಿಯೋ. ಆ ಆಕಾರಕ್ಕೆ ಸರಿಯಾದ ತುಂಡನ್ನು ಅದೇ ಮರದಿಂದ, ನಾರಿನ ದಿಕ್ಕು ಹೊಂದುವಂತೆ ಕತ್ತರಿಸಬೇಕು. ಅದಾದ ಮೇಲೆ ಒಂದು ದಿನ ಕಾಯಬೇಕು.

ತೂತು ಇರುವ ಕಡೆ ಹನ್ನೆರಡರ ಬಿಟ್ಟಿನ ಮೊನೆಗೆ ಕಚ್ಚಲು ಮರವೇ ಇರುವುದಿಲ್ಲ. ಹಾಗೆಯೇ ಕೊರೆದರೆ ಬಿಟ್ ಓಲಾಡಿ ಅಂಚು ಹರಿಯುತ್ತದೆ. ಒಂದು ತೇಗದ ತುಂಡಿಗೆ ಮೊದಲೇ ಹನ್ನೆರಡರ ತೂತು ಕೊರೆದು, ಅದನ್ನು ಮೇಲಿಟ್ಟು ಕ್ಲಾಂಪ್ ಬಿಗಿದು, ಅದರ ಮೂಲಕವೇ ಬಿಟ್ ಇಳಿಸಿದೆ. ಆಳ ಹದಿನೈದು ಮಿಲಿಮೀಟರ್. ಒಡಲಿಗೆ ಬಳಸಿ ಉಳಿದ ಹಲಸಿನ ಚೂರಿನಿಂದ ಪ್ಲಗ್ ಕಟರ್‌ನಲ್ಲಿ ಆರು ಬಿಲ್ಲೆ ತೆಗೆದು, ನಾರಿನ ಗೆರೆ ಹತ್ತಿರದಿಂದ ಹೊಂದಿದ ನಾಲ್ಕನ್ನು ಆರಿಸಿಕೊಂಡೆ. ಪ್ರತಿ ಬಿಲ್ಲೆಯ ತಲೆಯ ಮೇಲೂ ಪೆನ್ಸಿಲಿನಿಂದ ನಾರಿನ ದಿಕ್ಕಿಗೆ ಒಂದು ಗೆರೆ ಎಳೆದೆ, ಅಂಟು ಹಚ್ಚಿ ಒಳಗಿಳಿಸುವಾಗ ತಿರುಗಿಹೋಗದಿರಲೆಂದು. ಮರುದಿನ ಸಂಜೆ ಮೇಲೆದ್ದ ಭಾಗವನ್ನು ಅಗಲ ಉಳಿಯಿಂದ ಪದರಪದರವಾಗಿ ಸವರಿದೆ. ಕೊನೆಯ ಪದರ ಹೋದಾಗ ಬೆರಳಾಡಿಸಿದರೆ ಎಲ್ಲಿ ಬಿಲ್ಲೆ, ಎಲ್ಲಿ ಹಲಗೆ ಎಂದು ತಿಳಿಯಲಿಲ್ಲ. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸುರುಳಿ) ಕೂರುವ ಕುಳಿಯನ್ನೂ ಹಿಂದಕ್ಕೆ ಮೂರು ಮಿಲಿಮೀಟರ್ ಹಿಗ್ಗಿಸಬೇಕಾಯಿತು. ಇವೆಲ್ಲವೂ ಬ್ರಿಜ್ಜಿನ ತಗಡಿನ ಕೆಳಗೆ ಮುಚ್ಚಿಹೋಗುತ್ತವೆ.

ಗಿಟಾರಿನ ಮಾದರಿ ಟೆಲಿಕಾಸ್ಟರಿನದು. ಅಮೆರಿಕದ ಲಿಯೋ ಫೆಂಡರ್ 1950ರಲ್ಲಿ ಬ್ರಾಡ್‌ಕಾಸ್ಟರ್ ಎಂದು ಹೊರತಂದು, ಮರುವರ್ಷ ಟೆಲಿಕಾಸ್ಟರ್ ಎಂದು ಹೆಸರು ಬದಲಿಸಿದ ವಾದ್ಯ. ಚಪ್ಪಟೆ ಹಲಗೆಯ ಒಡಲು, ನಾಲ್ಕು ಸ್ಕ್ರೂಗಳಲ್ಲಿ ನಿಲ್ಲುವ ಕತ್ತು. ಮನೆಯಲ್ಲಿ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಕತ್ತು ಕೆಟ್ಟರೆ ಒಡಲು ಉಳಿಯುತ್ತದೆ, ಒಡಲು ಕೆಟ್ಟರೆ ಕತ್ತು ಉಳಿಯುತ್ತದೆ. ಒಡಲಿಗೆ ನಮ್ಮ ಹಿತ್ತಿಲಲ್ಲಿ ಬಿದ್ದ ಹಲಸಿನ ಮರದ ಹಲಗೆಯನ್ನು ಬಳಸಿದೆ. ವೀಣೆಗೆ ಆಗುವ ಮರ ಗಿಟಾರಿಗೆ ಏಕಾಗಬಾರದು? ಕತ್ತು ಹಳೆಯ ಮನೆಯ ತೇಗದ ತೊಲೆಯದು. ಬೆರಳಾಡುವ ಪಟ್ಟಿಗೆ ಅಜ್ಜನ ಕಾಲದ ಮುರುಕು ಮಂಚದ ಬೀಟೆ.

ಈ ಬೀಟೆಯ ವಿಷಯ ಸ್ವಲ್ಪ ಹೇಳಬೇಕು. ಇಂಡಿಯನ್ ರೋಸ್‌ವುಡ್ ಎಂದು ಗಿಟಾರ್ ಲೋಕವೆಲ್ಲ ಬಯಸುವ ಮರ ಇದೇ. 2017ರಲ್ಲಿ ಬೀಟೆಯ ಕುಲದ ಬಹುತೇಕ ಎಲ್ಲ ಮರಗಳೂ ಸೈಟಿಸ್ ಒಪ್ಪಂದದ (ಅಳಿವಿನ ಭೀತಿಯ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ) ಎರಡನೆಯ ಪಟ್ಟಿಗೆ ಸೇರಿದಾಗ ಹೊರದೇಶದ ಹಲವು ಕಂಪನಿಗಳು ಬೇರೆ ಮರಕ್ಕೆ ಕೈಹಾಕಿದವು. 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಂಥ ಮರದ ಒಂದೇ ಒಂದು ಪಟ್ಟಿ ನನ್ನ ಬಳಿ ಇದ್ದದ್ದು. ಅದರಲ್ಲಿ ಒಂಬತ್ತನೆಯ ಫ್ರೆಟ್ಟಿನ ಕಚ್ಚನ್ನು ತಪ್ಪಾದ ಜಾಗದಲ್ಲಿ ಕೊಯ್ದೆ. ನಟ್‌ನಿಂದ 262.7 ಮಿ.ಮೀ.ಗೆ ಬರಬೇಕಾದದ್ದನ್ನು 267.2 ಎಂದು ಓದಿಕೊಂಡಿದ್ದೆ. ಗರಗಸ ಅರ್ಧ ಆಳಕ್ಕೆ ಇಳಿದಾಗ, ಹಿಂದಿನ ಫ್ರೆಟ್ಟಿಗಿಂತ ಅಂತರ ಹೆಚ್ಚಾಗಿದೆಯಲ್ಲ ಎಂದು ಕಣ್ಣಿಗೆ ಹೊಡೆಯಿತು. ಫ್ರೆಟ್ಟುಗಳ ನಡುವಿನ ಅಂತರ ಕೆಳಗಿಳಿದಂತೆ ಕಿರಿದಾಗುತ್ತಲೇ ಹೋಗಬೇಕು, ಎಲ್ಲಿಯೂ ಹಿಗ್ಗುವಂತಿಲ್ಲ.

ನಮ್ಮ ದೊಡ್ಡಮ್ಮ ವೀಣೆ ನುಡಿಸುತ್ತಾರೆ. ಅವರ ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಸ್ವರ ಸರಿದರೆ ಮೇಳ ಕಟ್ಟುವವರು ಬಂದು ಮೇಣ ಕಾಯಿಸಿ ಮೆಟ್ಟಿಲನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ ಕೂರಿಸುತ್ತಾರೆ. ಗಿಟಾರಿನಲ್ಲಿ ಆ ಸೌಕರ್ಯವಿಲ್ಲ. ಕೊಯ್ದ ಕಚ್ಚಿಗೇ ಫ್ರೆಟ್ಟನ್ನು ಬಡಿಯುವುದು.

ಪುಣ್ಯಕ್ಕೆ ಆ ಪಟ್ಟಿಯನ್ನು ಉಜ್ಜಿದಾಗ ಉದುರಿದ ಪುಡಿಯನ್ನೆಲ್ಲ ಒಂದು ಬೆಂಕಿಪೊಟ್ಟಣದಲ್ಲಿ ತುಂಬಿಟ್ಟಿದ್ದೆ. ಮೊದಲು ಒಂದು ಚೂರಿನಲ್ಲಿ ಪರೀಕ್ಷೆ ಮಾಡಿದೆ: ಕಚ್ಚಿಗೆ ಪುಡಿ ತುಂಬಿ ಮೇಲೆ ಫೆವಿಕ್ವಿಕ್ ಬಿಟ್ಟರೆ ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಆದರೆ ಮರಕ್ಕಿಂತ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಅಂಚಿನಿಂದ ತೆಗೆದ ಬೀಟೆಯ ಚಕ್ಕೆಯನ್ನು ಗಾಜಿನ ಮೇಲೆ ಅಂಟಿಸಿದ ಉಪ್ಪುಕಾಗದದಲ್ಲಿ ಉಜ್ಜುತ್ತ 0.6 ಮಿ.ಮೀ. ದಪ್ಪಕ್ಕೆ ತಂದೆ. ಕಚ್ಚಿನ ಅಗಲವೂ ಅಷ್ಟೇ. ಬೀಟೆಯಲ್ಲಿ ಎಣ್ಣೆಯಂಶ ಹೆಚ್ಚು, ಅಂಟು ಹಿಡಿಯಲು ಒಲ್ಲದು; ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿ ಆಮೇಲೆ ಅಂಟಿಸಿದೆ. ಎರಡು ಕೊನೆಗಳಲ್ಲಿ ಉಳಿದ ಸಣ್ಣ ಸಂದಿಗೆ ಮಾತ್ರ ಪುಡಿ ಬಳಸಿದೆ. ಚಕ್ಕೆಯ ನಾರು ಪಟ್ಟಿಯ ನಾರಿಗೆ ಅಡ್ಡ ಬರುವುದನ್ನು ಇಷ್ಟು ತೆಳುವಿನಲ್ಲಿ ತಪ್ಪಿಸಲಾಗದು. ಓರೆ ಬೆಳಕಿನಲ್ಲಿ ಹಿಡಿದರೆ ಅಲ್ಲೊಂದು ಎಳೆ ಕಾಣುತ್ತದೆ.

ಮೂರನೆಯ ತಪ್ಪು ಕೊಂಬಿನ ಗಾಯ; ಕತ್ತಿನ ಪಕ್ಕ ಒಡಲು ಚಾಚಿಕೊಳ್ಳುವ ತುದಿಯೇ ಕೊಂಬು. ರೌಟರ್ (ಮರದ ಅಂಚು ಕೊರೆಯುವ ಯಂತ್ರ) ಹಿಡಿದು ಒಡಲಿನ ಸುತ್ತ ಬರುತ್ತಿದ್ದೆ. ಕೊಂಬಿನ ತಿರುವಿನಲ್ಲಿ ನಾರಿನ ದಿಕ್ಕು ಬದಲಾಗುತ್ತದೆ. ಅಲ್ಲಿ ಬ್ಲೇಡು ನಾರನ್ನು ಕತ್ತರಿಸುವ ಬದಲು ಎತ್ತಿ ಸಿಗಿಯುತ್ತದೆ. ಎರಡು ಮೂರು ಮಿಲಿಮೀಟರಿನಂತೆ ತೆಗೆಯಬೇಕಾದದ್ದನ್ನು ಒಂದೇ ಸಲಕ್ಕೆ ಹತ್ತು ತೆಗೆಯಲು ಹೋದೆ. ಠಪ್ಪೆಂದಿತು. ಹೆಬ್ಬೆರಳುದ್ದದ ಚಕ್ಕೆಯೊಂದು ಕಿವಿಯ ಪಕ್ಕದಲ್ಲೇ ಹಾರಿಹೋಯಿತು. (ಕನ್ನಡಕ ಹಾಕದೆ ರೌಟರ್ ಮುಟ್ಟಲೇಬಾರದು. ಅಂದು ಹಾಕಿದ್ದೆ.) ರೌಟರ್ ಆರಿಸಿ, ಅಕ್ಕನ ಮಗನೂ ನಾನೂ ಟಾರ್ಚ್ ಹಿಡಿದು ನೆಲ ಗುಡಿಸದೆ ಹುಡುಕಿದೆವು. ಗುಡಿಸಿದರೆ ಚಕ್ಕೆ ಕಸದಲ್ಲಿ ಹೋಗುತ್ತದೆ. ಅಡಿಕೆ ಚೀಲಗಳ ಹಿಂದೆ ಸಿಕ್ಕಿತು, ಎರಡು ತುಂಡಾಗಿ.

ಮುರಿದ ಮುಖಗಳನ್ನು ಉಜ್ಜಬಾರದು, ಕೆರೆಯಬಾರದು. ಆ ನಾರುಗಳು ಒಂದರೊಳಗೊಂದು ಹಲ್ಲಿನಂತೆ ಕೂರುತ್ತವೆ. ಒಮ್ಮೆ ಉಜ್ಜಿದರೆ ಆ ಹೊಂದಿಕೆ ಮತ್ತೆ ಬರುವುದಿಲ್ಲ. ಫೆವಿಕಾಲನ್ನು ಸಣ್ಣ ಕುಂಚದಲ್ಲಿ ಎರಡೂ ಮುಖಕ್ಕೆ ಹಚ್ಚಿ ಕೂರಿಸಿದೆ. ಬಾಗಿದ ಜಾಗದಲ್ಲಿ ಕ್ಲಾಂಪ್ ನಿಲ್ಲುವುದಿಲ್ಲ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಎಳೆದೆಳೆದು ಕೊಂಬಿನ ಸುತ್ತ ಸುತ್ತಿದೆ. ರಬ್ಬರು ಎಲ್ಲ ಕಡೆಯಿಂದಲೂ ಸಮನಾಗಿ ಒತ್ತುತ್ತದೆ. ಯಾವ ಕ್ಲಾಂಪೂ ಹಾಗೆ ಒತ್ತಲಾರದು. ಒಂದು ಅಕ್ಕಿಕಾಳಿನಷ್ಟು ಚೂರು ಸಿಗಲೇ ಇಲ್ಲ. ಆ ಜಾಗವನ್ನು ಉಳಿಯಿಂದ ತ್ರಿಕೋನವಾಗಿ ಕಡಿದು ಹಲಸಿನ ತುಂಡು ಕೂರಿಸಿದೆ. ಅದು ಹೊಸದಾಗಿ ಕೊಯ್ದ ಮರ, ಅರಿಶಿನದ ಹಾಗೆ ಹಳದಿ. ಸುತ್ತಲಿನ ಮರ ಆಗಲೇ ಬೆಳಕು ಕಂಡು ಕಂದಾಗಿತ್ತು. ಬಣ್ಣ ಹಾಕಿ ಹೊಂದಿಸಲು ಹೋಗಲಿಲ್ಲ. ಹಲಸು ಬಿಸಿಲಿಗೆ ತಾನೇ ಕಂದಾಗುತ್ತದೆ. ಸುತ್ತಲೂ ಕಾಗದ ಅಂಟಿಸಿ, ತೇಪೆಗೆ ಮಾತ್ರ ಬಿಸಿಲು ಬೀಳುವಂತೆ ಮಾಡಿ ಅಂಗಳದಲ್ಲಿಟ್ಟೆ.

ಕತ್ತು ಕೂರುವ ಕುಳಿ ಒಂದು ಬದಿಗೆ ಒಂದು ಮಿಲಿಮೀಟರ್ ಸಡಿಲವಾಗಿತ್ತು. ಅದೇ ಹಲಸಿನ ತೆಳು ಪಟ್ಟಿಯನ್ನು ಗೋಡೆಗೆ ಅಂಟಿಸಿ, ಕತ್ತು ಕೈಯಿಂದ ಒತ್ತಿದರೆ ಮಾತ್ರ ಇಳಿಯುವಷ್ಟು ಬಿಗಿ ಮಾಡಿದೆ. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಲ್ಯಾಕರ್ ಹೊಡೆಯಲು ಆರಿಸಿಕೊಂಡ ಕಾಲ ಆಷಾಢ. ಮಲೆನಾಡಿನವನಾಗಿ ಇದನ್ನು ಯೋಚಿಸಬೇಕಿತ್ತು. ಎನ್‌.ಸಿ. (ನೈಟ್ರೋಸೆಲ್ಯುಲೋಸ್) ಲ್ಯಾಕರಿನ ಎರಡನೆಯ ಪದರ ಹೊಡೆದು ಹತ್ತು ನಿಮಿಷದಲ್ಲಿ ಒಡಲ ಮೇಲೆಲ್ಲ ಬೂದಿ ಎರಚಿದಂತೆ ಬಿಳುಪು ಹರಡಿತು. ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ; ಗಾಳಿಯ ತೇವ ಅಲ್ಲಿ ಹನಿಗಟ್ಟಿ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಉಜ್ಜಿ ತೆಗೆಯಬೇಕೇನೋ ಎಂದು ಉಪ್ಪುಕಾಗದ ಕೈಗೆತ್ತಿಕೊಂಡವನು, ಮತ್ತೆ ಕೆಳಗಿಟ್ಟು ಬಾಗಿಲು ಹಾಕಿಕೊಂಡು ಬಂದೆ. ಮಳೆ ಹೊಳವಾಗಿ ಒಣಗಾಳಿ ಬೀಸಿದ ಒಂದು ದಿನ, ನಿಧಾನವಾಗಿ ಆರುವ ಥಿನ್ನರನ್ನು ತೆಳುವಾಗಿ ಮೇಲೆ ಸಿಂಪಡಿಸಿದೆ. ಪೇಂಟ್ ಅಂಗಡಿಯಲ್ಲಿ ರಿಟಾರ್ಡರ್ ಎಂದು ಕೇಳಿದರೆ ಕೊಡುತ್ತಾರೆ. ಲ್ಯಾಕರ್ ಮತ್ತೆ ಮೆತ್ತಗಾಗಿ, ಒಳಗಿದ್ದ ತೇವ ಹೊರಬಿದ್ದು, ಬಿಳುಪು ಕಣ್ಣೆದುರೇ ಕರಗುತ್ತ ಹೋಯಿತು. ಕೆಳಗಿನಿಂದ ಹಲಸಿನ ಜೇನುಬಣ್ಣ ಮೇಲೆದ್ದು ಬಂತು. ಉಳಿದ ಪದರಗಳನ್ನು ನವರಾತ್ರಿ ಕಳೆದ ಮೇಲೆಯೇ ಹೊಡೆದದ್ದು.

ವೈರಿಂಗಿನಲ್ಲಿ ಒಂದೇ ತೊಂದರೆ. ಎರಡು ಪಿಕಪ್‌ಗಳನ್ನೂ ಒಟ್ಟಿಗೆ ಹಾಕಿದರೆ ದನಿ ಸೊರಗಿ, ಮೂಗಿನಿಂದ ಬಂದಂತೆ ಕೇಳುತ್ತಿತ್ತು. ಎರಡರ ಸುರುಳಿಗಳು ಒಂದಕ್ಕೊಂದು ವಿರುದ್ಧವಾಗಿ ಕೆಲಸ ಮಾಡುತ್ತಿದ್ದವು. ಒಂದು ಪಿಕಪ್ಪಿನ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಆದರೆ ಕತ್ತಿನ ಬದಿಯ ಪಿಕಪ್ಪಿನ ಲೋಹದ ಮುಚ್ಚಳ ಅದರ ಅರ್ತ್ ವೈರಿಗೆ ಸೇರಿಕೊಂಡಿರುತ್ತದೆ. ಆ ಜೋಡಣೆ ಕತ್ತರಿಸಿ, ಮುಚ್ಚಳಕ್ಕೆ ಬೇರೆ ಅರ್ತ್ ವೈರ್ ಬೆಸೆದ ಮೇಲೆಯೇ ಬದಲಿಸಬೇಕು. ಇಲ್ಲದಿದ್ದರೆ ಮುಚ್ಚಳ ಮುಟ್ಟಿದಾಗಲೆಲ್ಲ ಗುಂಯ್‌ಗುಡುತ್ತದೆ.

ಕೊನೆಗೆ ಆರೂ ತಂತಿ ಕಟ್ಟಿದ ದಿನ ಒಂದನೆಯ ತಂತಿ ಬೆರಳಿಡದೆ ಮೀಟಿದರೆ ಝರ್ರೆನ್ನುತ್ತಿತ್ತು. ನಟ್‌ನಲ್ಲಿ ಅದು ಕೂರುವ ಕಚ್ಚನ್ನು ಅರದಿಂದ ಒಂದು ಎಳೆತ ಹೆಚ್ಚಾಗಿ ಉಜ್ಜಿದ್ದೆ. ತಂತಿ ಮೊದಲ ಫ್ರೆಟ್ಟಿಗೆ ತಾಗುತ್ತಿತ್ತು. ಉಳಿದ ಮೂಳೆತುಂಡನ್ನು ಅರದಲ್ಲಿ ತೇದು ಪುಡಿ ಮಾಡಿ, ಕಚ್ಚಿಗೆ ಒತ್ತಿ ತುಂಬಿ, ಸೂಜಿಯ ತುದಿಯಲ್ಲಿ ಫೆವಿಕ್ವಿಕ್ಕಿನ ಒಂದು ಹನಿ ಬಿಟ್ಟೆ. ಗಟ್ಟಿಯಾದ ಮೇಲೆ ಹೊಸದಾಗಿ ಕಚ್ಚು ತೋಡಿದೆ. ಈ ಸಲ ಪ್ರತಿ ಎಳೆತಕ್ಕೂ ತಂತಿ ಕೂರಿಸಿ ನೋಡುತ್ತ ಹೋದೆ, ಒಟ್ಟು ಹನ್ನೊಂದು ಸಲ. ಝರ್ರೆನ್ನುವುದು ನಿಂತಿತು. ಆರನೆಯ ತಂತಿಯನ್ನು ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಿದೆ. ಸೂಜಿ ತುಸು ಎಡಕ್ಕೆ ನಿಂತಿತು. ಸ್ಯಾಡಲ್ಲನ್ನು ಅರ್ಧ ಸುತ್ತು ಮುಂದಕ್ಕೆ ತಂದೆ, ಮಧ್ಯಕ್ಕೆ ಬಂತು. ಹಿಂದಕ್ಕೆ ಸರಿಸಲು ಇನ್ನೂ ಎರಡು ಮಿಲಿಮೀಟರಿನಷ್ಟು ಸ್ಪ್ರಿಂಗ್ ಉಳಿದಿತ್ತು.