ಬಾವಿ ಪಕ್ಕದ ಹಳೇ ಆಯಿಲ್ ಇಂಜಿನ್: ಗುರುತು ಹಿಡಿದು ಮತ್ತೆ ಓಡಿಸುವ ಬಗೆ

ಚಿಂತಾಮಣಿ, ಶಿಡ್ಲಘಟ್ಟ, ಶ್ರೀನಿವಾಸಪುರದ ಕಡೆ ಹೊಲಗಳಲ್ಲಿ ಓಡಾಡಿದರೆ ಈಗಲೂ ಇವು ಕಾಣುತ್ತವೆ. ಒಣಗಿದ ತೆರೆದ ಬಾವಿ, ಪಕ್ಕದಲ್ಲಿ ಚಾವಣಿ ಕುಸಿದ ಪಂಪ್ ಮನೆ, ಒಳಗೆ ತುಕ್ಕು ಹಿಡಿದ ಆಯಿಲ್ ಇಂಜಿನ್. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೋಗಿ ಇಂಜಿನ್ ಬಂತು, ಇಂಜಿನ್ ಹೋಗಿ ಬೋರ್‌ವೆಲ್ ಬಂತು. ಈಗ ಗುಜರಿಯವರು ಕೆಜಿ ಲೆಕ್ಕದಲ್ಲಿ ಎತ್ತಿಕೊಂಡು ಹೋಗುತ್ತಿದ್ದಾರೆ. ಚಿಂತಾಮಣಿಯಲ್ಲಿ ಲೇತ್ ಅಂಗಡಿ ಇಟ್ಟಿರುವ ನನಗೆ ಅದನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಎಷ್ಟೋ ಇಂಜಿನ್‌ಗಳಲ್ಲಿ ಕೆಟ್ಟಿರುವುದು ಸ್ವಲ್ಪವೇ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ಕೋಲಾರದ ಕೆರೆಗಳಿಗೆ ಬರಲು ಶುರುವಾದ ಮೇಲೆ ಆ ಕೆರೆಗಳ ಸುತ್ತ ಕೆಲವು ಬಾವಿಗಳಲ್ಲೂ ಮತ್ತೆ ನೀರು ಕಂಡಿದೆ. ಹಾಗಾಗಿ "ಅಣ್ಣಾ, ನಮ್ಮ ತಾತನ ಇಂಜಿನ್ ಓಡುತ್ತಾ?" ಎಂದು ಕೇಳಿಕೊಂಡು ಬರುವವರೂ ಇದ್ದಾರೆ.

ನಾನು ಮೊದಲು ಹೇಳುವುದು ಒಂದೇ: ಸ್ಪ್ಯಾನರ್ ಕೆಳಗಿಡಿ. ಇಂಜಿನ್ ಯಾವುದು ಎಂದು ತಿಳಿಯುವ ತನಕ ಏನನ್ನೂ ಬಿಚ್ಚಬೇಡಿ, ತಿಕ್ಕಬೇಡಿ, ಬಣ್ಣವಂತೂ ಬೇಡವೇ ಬೇಡ. ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಆಮೇಲೆ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಹೆಸರಿನ ಪ್ಲೇಟನ್ನು ಮೆಲ್ಲಗೆ ಒರೆಸಿ. ವೈರ್ ಬ್ರಷ್ ಹಾಕಿದರೆ ಅಕ್ಷರವೇ ಹೋಗುತ್ತದೆ. ನಂಬರ್ ಒಮ್ಮೆ ಅಳಿಸಿತೆಂದರೆ ಯಾರೂ ತಂದುಕೊಡಲಾರರು.

ಪ್ಲೇಟಿನಲ್ಲಿ ಮೊದಲು ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು ನೋಡಿ. 600, 650 ಎಂದಿದ್ದರೆ ಅದು ನಿಧಾನದ ಇಂಜಿನ್, ಹೆಚ್ಚಾಗಿ ಲಿಸ್ಟರ್ ಮಾದರಿ. ಎರಡು ಕಡೆ ದೊಡ್ಡ ಫ್ಲೈವೀಲು (ಭಾರದ ಚಕ್ರ), ದುಡುಕ್ ದುಡುಕ್ ಎಂದು ಎಣಿಸಬಹುದಾದ ಸದ್ದು. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನಲ್ಲಿ ಆರ್.ಎ. ಲಿಸ್ಟರ್ ಕಂಪನಿ ಇದನ್ನು ಮಾಡುತ್ತಿತ್ತು. 6/1 ಎಂದರೆ ಆರು ಎಚ್‌ಪಿ, ಒಂದು ಸಿಲಿಂಡರ್. ಬೋರು (ಸಿಲಿಂಡರಿನ ಒಳ ಅಗಲ) ನಾಲ್ಕೂವರೆ ಇಂಚು, ಸ್ಟ್ರೋಕು (ಪಿಸ್ಟನ್ ಓಡಾಡುವ ಉದ್ದ) ಐದೂವರೆ ಇಂಚು. ಇದೇ ಮಾದರಿಯನ್ನು ಗುಜರಾತಿನ ರಾಜ್‌ಕೋಟ್‌ನಲ್ಲಿ ಹಲವರು ಬೇರೆ ಬೇರೆ ಹೆಸರಿನಲ್ಲಿ ಮಾಡಿದರು. 1500 ಎಂದಿದ್ದರೆ ಅದು ಚಿಕ್ಕ, ವೇಗದ ಇಂಜಿನ್. ನಮ್ಮ ಕಡೆ ಬರುವುದರಲ್ಲಿ ಕಿರ್ಲೋಸ್ಕರ್ ಎವಿ1 ಜಾಸ್ತಿ. ಐದು ಎಚ್‌ಪಿ, ಬೋರು 80 ಮಿ.ಮೀ., ಸ್ಟ್ರೋಕು 110 ಮಿ.ಮೀ. ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ 1946ರಲ್ಲಿ ಪುಣೆಯಲ್ಲಿ ಶುರುವಾದ ಕಂಪನಿ. ಇದರ ಸಾಮಾನು ಇವತ್ತಿಗೂ ಸಿಗುತ್ತದೆ, ಹಾಗಾಗಿ ಇದು ಬಂದರೆ ಅರ್ಧ ಚಿಂತೆ ಕಡಿಮೆ.

ಆದರೆ ಪ್ಲೇಟೊಂದನ್ನೇ ನಂಬಬೇಡಿ. ಪ್ಲೇಟು ಎರಡು ರಿವೆಟ್‌ನ ಕೆಲಸ, ಯಾರು ಬೇಕಾದರೂ ಹೊಡೆಯಬಹುದು. ಕೈವಾರದ ಕಡೆಯಿಂದ ಒಂದು ಇಂಜಿನ್ ಬಂದಿತ್ತು. ಹಸಿರು ಬಣ್ಣದ ಪದರದ ಕೆಳಗೆ ಹಿತ್ತಾಳೆ ಪ್ಲೇಟು, ಒರೆಸುತ್ತಾ ಹೋದಂತೆ ಡರ್ಸ್ಲಿ ಎಂಬ ಹೆಸರು ಒಂದೊಂದೇ ಅಕ್ಷರವಾಗಿ ಎದ್ದು ಬಂತು. ಜೊತೆಗೆ ಬಂದಿದ್ದ ಅಜ್ಜಿ "ನಮ್ಮ ಯಜಮಾನರು ಇದು ಸೀಮೆ ಇಂಜಿನ್ನು ಅಂತಾನೇ ಹೇಳ್ತಿದ್ದರಪ್ಪ" ಎಂದರು. ಕ್ರ್ಯಾಂಕ್‌ಕೇಸಿನ (ಇಂಜಿನ್ನಿನ ಕೆಳಗಿನ ಆಯಿಲ್ ಪೆಟ್ಟಿಗೆಯ) ಬಾಗಿಲು ತೆಗೆದು ಮೂಲೆಗೆ ಬೆರಳು ಹಾಕಿದೆ. ಹಳೇ ಆಯಿಲ್ ಮಡ್ಡಿಯ ಕೆಳಗೆ ಮರಳು ಗರಗರ ಎಂದಿತು. ಹೊಲದ ಮರಳಲ್ಲ, ಎರಕ ಹೊಯ್ಯುವಾಗ ಅಚ್ಚಿನಲ್ಲಿದ್ದ ಮರಳು, ಗೋಡೆಗೇ ಕಚ್ಚಿಕೊಂಡಿತ್ತು. ರಾಜ್‌ಕೋಟ್ ಎರಕಗಳಲ್ಲಿ ಇದು ಸಾಮಾನ್ಯ. ಫ್ಲೈವೀಲುಗಳ ಎರಕ ನುಣ್ಣಗಿತ್ತು, ಹೆಡ್ಡಿನದು (ಸಿಲಿಂಡರಿನ ಮೇಲಿನ ಮುಚ್ಚಳದ್ದು) ಒರಟು. ಅಂದರೆ ಎರಡು ಇಂಜಿನ್ ಸೇರಿಸಿ ಒಂದು ಮಾಡಿದ್ದರು. ಅದರಿಂದ ಇಂಜಿನ್ನಿಗೇನೂ ಕಳಂಕವಿಲ್ಲ, ಆದರೆ ಸಾಮಾನು ತರುವವರಿಗೆ ಗೊತ್ತಿರಬೇಕು. ಅಜ್ಜಿಗೂ ಹಾಗೇ ಹೇಳಿದೆ. ಆ ಮರಳನ್ನು ಪೂರ್ತಿ ಕೆರೆದು ತೊಳೆಯದಿದ್ದರೆ ಹೊಸ ಬೇರಿಂಗ್ ಕೂಡ ಬೇಗ ಹೋಗುತ್ತದೆ.

ಬಿಚ್ಚುವ ಮೊದಲು ಇನ್ನೊಂದು ಮಾತು. ಇಂಗ್ಲೆಂಡಿನ ಇಂಜಿನ್‌ಗೆ ವಿಟ್‌ವರ್ತ್ ಅಳತೆಯ ಸ್ಪ್ಯಾನರ್ ಬೇಕು. ಹತ್ತಿರತ್ತಿರ ಬರುತ್ತೆ ಎಂದು ಎಂಎಂ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ.

ವರ್ಷಗಟ್ಟಲೆ ನಿಂತ ಇಂಜಿನ್‌ನಲ್ಲಿ ಪಿಸ್ಟನ್ ಹಿಡಿದುಕೊಂಡಿರುತ್ತದೆ. ಜನ ಮಾಡುವ ಮೊದಲ ಕೆಲಸ ಫ್ಲೈವೀಲಿನ ಕಡ್ಡಿಗೆ ಹಾರೆ ಕೊಟ್ಟು ಎಳೆಯುವುದು. ದಯವಿಟ್ಟು ಮಾಡಬೇಡಿ, ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ. ಹೆಡ್ಡು ಬಿಚ್ಚಿ. ಡೀಸೆಲ್ಲಿಗೆ ಸ್ವಲ್ಪ ಆಯಿಲ್ ಬೆರೆಸಿ ಪಿಸ್ಟನ್ ಮೇಲೆ ಹುಯ್ದು ಒಂದು ವಾರ ಸುಮ್ನೆ ಬಿಡಿ. ಇಳಿದುಹೋದರೆ ಮತ್ತೆ ಹುಯ್ಯಿರಿ. ಸಿಲಿಂಡರಿನ ಮೇಲ್ಭಾಗದಲ್ಲಿ ತುಕ್ಕು, ಮಸಿ ಸೇರಿ ಬಳೆಯ ಹಾಗೆ ಗಟ್ಟಿಯಾಗಿರುತ್ತದೆ. ಮೊದಲು ಅದನ್ನು ಕೆರೆದು ತೆಗೆಯಿರಿ, ಇಲ್ಲದಿದ್ದರೆ ಪಿಸ್ಟನ್ ಮೇಲೆ ಬರುವಾಗ ರಿಂಗು ಅಲ್ಲೇ ಮುರಿಯುತ್ತದೆ. ಆಮೇಲೆ ಬೋರಿಗೆ ಸರಿಯಾಗಿ ಕೂರುವ ಹೊನ್ನೆ ಅಥವಾ ಜಾಲಿ ಮರದ ತುಂಡು ಇಟ್ಟು ಮೆಲ್ಲಗೆ ಬಡಿಯಿರಿ. ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು. ಅಲ್ಲಿಗೆ ನಿಲ್ಲಿಸಿ, ಮತ್ತೆ ಎಣ್ಣೆ ಹುಯ್ದು, ನಾಳೆ ಬನ್ನಿ. ಇಲ್ಲಿ ಅವಸರ ಮಾಡಿದವರೇ ಹೊಸ ಲೈನರ್‌ಗೆ (ಸಿಲಿಂಡರಿನ ಒಳಕೊಳವೆಗೆ) ದುಡ್ಡು ಕೊಡುವವರು.

ಪಿಸ್ಟನ್ ಹೊರಗೆ ಬಂದ ಮೇಲೆ ರಿಂಗನ್ನು ಬೋರಿನೊಳಗೆ ಇಟ್ಟು ಬಾಯಿಯ ಗ್ಯಾಪ್ ಅಳೆಯಿರಿ. ಬೋರಿನ ಒಂದೊಂದು ಇಂಚಿಗೆ ಮೂರರಿಂದ ನಾಲ್ಕು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಎಂಬುದು ಸಾಮಾನ್ಯ ಲೆಕ್ಕ. 80 ಮಿ.ಮೀ. ಬೋರಿಗೆ ಸುಮಾರು 0.3 ಮಿ.ಮೀ. ಬೋರಿನಲ್ಲಿ ಉಗುರಿಗೆ ಸಿಗುವಷ್ಟು ಗುಂಡಿ ಬಿದ್ದಿದ್ದರೆ ಹೋನಿಂಗ್ (ಕಲ್ಲಿನಿಂದ ಉಜ್ಜುವುದು) ಸಾಲದು, ಬೋರಿಂಗ್ (ಕೊರೆದು ಅಗಲಿಸುವುದು) ಮಾಡಿಸಬೇಕು ಅಥವಾ ಲೈನರ್ ಬದಲಿಸಬೇಕು.

ಸಿಲಿಂಡರಿನ ಸುತ್ತ ತಂಪಿಗೆ ನೀರು ನಿಲ್ಲುವ ಜಾಕೆಟ್ಟನ್ನು ಮರೆಯಬೇಡಿ. ನಮ್ಮ ಸೀಮೆಯ ನೀರು ಗಡಸು, ಒಳಗೆಲ್ಲ ಸುಣ್ಣದ ಪದರ ಕಟ್ಟಿರುತ್ತದೆ. ನಿಂಬೆ ಉಪ್ಪು ಕರಗಿಸಿದ ಬಿಸಿನೀರು ತುಂಬಿ ಒಂದು ರಾತ್ರಿ ಬಿಟ್ಟು ತೊಳೆಯಿರಿ.

ಡೀಸೆಲ್ ಪಂಪು, ನಾಜಲ್ ಎರಡನ್ನೂ ಮನೆಯಲ್ಲಿ ಬಿಚ್ಚಬೇಡಿ. ಬಹಳಷ್ಟು ಇಂಜಿನ್‌ಗಳಲ್ಲಿ ಮೈಕೊ ಪಂಪು ಇರುತ್ತದೆ. 1951ರಲ್ಲಿ ಶುರುವಾಗಿ ನಮ್ಮ ಬೆಂಗಳೂರಿನಲ್ಲೇ ಬೆಳೆದ ಕಂಪನಿ ಅದು, ಹಾಗಾಗಿ ಕೆಲಸ ಗೊತ್ತಿರುವ ಪಂಪ್ ಮೆಕ್ಯಾನಿಕ್‌ಗಳು ಊರೂರಲ್ಲಿ ಇದ್ದಾರೆ. ಅವರ ಹತ್ತಿರ ಟೆಸ್ಟರ್‌ನಲ್ಲಿ ನೋಡಿಸಿ. ನಾಜಲ್‌ನಿಂದ ಡೀಸೆಲ್ ಚಿಮ್ಮುವಾಗ ಎದುರಿಗೆ ಕೈ ಹಿಡಿಯಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಜೋಡಿಸಿದ ಮೇಲೆ ಸ್ಟಾರ್ಟ್ ಮಾಡುವ ಮುಂಚೆ ಫ್ಲೈವೀಲನ್ನು ಶಾಫ್ಟಿಗೆ ಹಿಡಿದಿಡುವ ಕೀ ಬಿಗಿಯಾಗಿದೆಯೇ, ನಡುವಿನ ಗುಬ್ಬಿಯ ಸುತ್ತ, ಕಡ್ಡಿಗಳಲ್ಲಿ ಬಿರುಕಿದೆಯೇ ಎಂದು ಬೆಳಕು ಬಿಟ್ಟು ನೋಡಿ. ಬಿರುಕಿದ್ದರೆ ಆ ಫ್ಲೈವೀಲು ಬೇಡ, ವೆಲ್ಡಿಂಗ್ ಕೂಡ ಬೇಡ. ಆಯಿಲ್ ಎಸ್‌ಎಇ 30 ಅಥವಾ 40 ಹಾಕಿ. ಡೀಸೆಲ್ ಲೈನಿನ ಗಾಳಿಯ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವ ತನಕ ಬಿಡಿ. ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡ್ಲ್ ತಿರುಗಿಸಿ, ಹೆಬ್ಬೆರಳು ಉಳಿದ ಬೆರಳುಗಳ ಕಡೆಯೇ ಇರಲಿ, ಸುತ್ತಿ ಹಿಡಿಯಬೇಡಿ. ಇಂಜಿನ್ ಹಿಮ್ಮುಖ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಸಿಕ್ಕಿಕೊಂಡರೆ ಇಂಜಿನ್ ಹುಚ್ಚುವೇಗದಲ್ಲಿ ಏರುತ್ತದೆ. ಆಗ ಗಾಳಿ ಎಳೆಯುವ ಬಾಯಿ ಮುಚ್ಚಲು ಒಂದು ಹಲಗೆ ಕೈಗೆ ಸಿಗುವಂತೆ ಇರಲಿ.

ಇನ್ನು ಪಂಪು. ಸೆಂಟ್ರಿಫ್ಯೂಗಲ್ ಪಂಪು ನೀರನ್ನು ಎಷ್ಟು ಆಳದಿಂದಲಾದರೂ ಎಳೆಯುತ್ತದೆ ಎಂದುಕೊಂಡವರು ಬಹಳ. ಸಮುದ್ರಮಟ್ಟದಲ್ಲೇ ಅದರ ಮಿತಿ ಲೆಕ್ಕದ ಪ್ರಕಾರ 10.3 ಮೀಟರ್. ನಮ್ಮ ಊರುಗಳು 800 ಮೀಟರಿಗಿಂತ ಎತ್ತರದಲ್ಲಿವೆ, ಗಾಳಿಯ ಒತ್ತಡ ಕಡಿಮೆ. ಇಲ್ಲಿ ನಂಬಬಹುದಾದದ್ದು 20 ಅಡಿ. ಅದಕ್ಕೇ ಹಿಂದೆ ನೀರು ಇಳಿದಂತೆಲ್ಲ ಇಂಜಿನ್ನನ್ನೂ ಬಾವಿಯೊಳಗಿನ ಮೆಟ್ಟಿಲಿಗೆ ಇಳಿಸುತ್ತಿದ್ದರು. ನೀವು ಹಾಗೆ ಮಾಡಬೇಡಿ. ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಬಾವಿಯೊಳಗೆ ತುಂಬಿಕೊಂಡರೆ ಇಳಿದ ಮನುಷ್ಯ ಮೇಲೆ ಬರುವುದಿಲ್ಲ. ನೀರು 20 ಅಡಿಗಿಂತ ಕೆಳಗಿದ್ದರೆ ಈ ಇಂಜಿನ್‌ಗೆ ಕೃಷಿಹೊಂಡದ ಕೆಲಸ ಕೊಡಿ.

ನೀರಿನಲ್ಲಿ ಮುಳುಗಿರುವ ಪೈಪಿನ ತುದಿಯ ಫುಟ್ ವಾಲ್ವಿನ ಚರ್ಮ ಹೊಸದು ಹಾಕಿ, ಪಂಪಿನಿಂದ ಶಾಫ್ಟ್ ಹೊರಬರುವ ಕಡೆಯ ಗ್ಲ್ಯಾಂಡಿಗೆ ಗ್ರಾಫೈಟ್ ಹಗ್ಗ ಸುತ್ತಿ. ಪೂರ್ತಿ ಬಿಗಿಯಬೇಡಿ, ಓಡುವಾಗ ಅಲ್ಲಿಂದ ನೀರು ತೊಟ್ಟಿಕ್ಕುತ್ತಿರಬೇಕು, ಇಲ್ಲದಿದ್ದರೆ ಶಾಫ್ಟ್ ಸವೆಯುತ್ತದೆ.

ಬಣ್ಣ ಎಲ್ಲಕ್ಕಿಂತ ಕೊನೆಗೆ. ಹಳೇ ಬಣ್ಣ ಅರ್ಧ ಉಳಿದಿದ್ದರೂ ನಾನಾದರೆ ಎಣ್ಣೆ ಒರೆಸಿ ಹಾಗೇ ಬಿಡುತ್ತೇನೆ. ಹೊಡೆಯಲೇಬೇಕು ಎಂದರೆ ಪ್ಲೇಟಿನ ಮೇಲೆ, ಗ್ರೀಸ್ ನಿಪ್ಪಲ್ ಮೇಲೆ ಬೀಳದಂತೆ ಟೇಪ್ ಹಚ್ಚಿ.

ಮೊದಲ ಸಲ ಹತ್ತು ನಿಮಿಷ ಲೋಡ್ ಇಲ್ಲದೆ ಓಡಿಸಿ ನಿಲ್ಲಿಸಿ. ಪೂರ್ತಿ ತಣ್ಣಗಾದ ಮೇಲೆ ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಮತ್ತೊಮ್ಮೆ ಬಿಗಿ ಮಾಡಿ, ವಾಲ್ವಿನ ಗ್ಯಾಪ್ ನೋಡಿ. ಕೆಲವು ಗಂಟೆ ಓಡಿದ ಮೇಲೆ ಆಯಿಲ್ ಬಸಿದು ಬಿಳಿ ಬಟ್ಟೆಯ ಮೇಲೆ ಹುಯ್ದು ನೋಡಿ. ಮರಳಿನ ಕಣ ಕಂಡರೆ ಕ್ರ್ಯಾಂಕ್‌ಕೇಸ್ ಮತ್ತೆ ತೊಳೆಯಿರಿ, ಕಾಣದಿದ್ದರೆ ಬೆಲ್ಟ್ ಹಾಕಿ ಪಂಪಿಗೆ ಜೋಡಿಸಿ.