ಲೀವ್ ಕೇಳುವುದು ಹೇಗೆ? ಒಂದು ಪುಟ್ಟ ಇಂಗ್ಲಿಷ್ ಪದದ ಸರಿಯಾದ ಬಳಕೆ

"ಸರ್, ಪ್ಲೀಸ್ ಲೀವ್ ಮಿ ಟೂ ಡೇಸ್."

ಎಂಟನೇ ಕ್ಲಾಸಿನ ಹುಡುಗನ ರಜಾ ಚೀಟಿ ಅದು. ನೋಟ್‌ಬುಕ್ಕಿನ ನಡುಹಾಳೆ ಕಿತ್ತು, ಸ್ಕೇಲ್ ಇಟ್ಟು ಮಾರ್ಜಿನ್ ಎಳೆದು, ಗುಂಡಗಿನ ಅಕ್ಷರದಲ್ಲಿ ಬರೆದಿದ್ದ. ಕೆಳಗೆ ಅಪ್ಪನ ಸಹಿ. ಅಕ್ಕನ ಮದುವೆಗೆ ಎರಡು ದಿನ ರಜೆ ಬೇಕಿತ್ತು. ನಾನು ಇಂಗ್ಲಿಷ್ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಇಂಥ ಚೀಟಿಗಳನ್ನು ತುಂಬಾ ನೋಡಿದ್ದೇನೆ. ಒಂದು ಮಾತು ಹೇಳಲೇಬೇಕು, ಆ ಮಕ್ಕಳ ಯೋಚನೆಗೆ ಒಂದು ದಾರಿ ಇದೆ. ಕನ್ನಡದಲ್ಲಿ "ಚಪ್ಪಲಿ ಹೊರಗೆ ಬಿಡು" ಅನ್ನುತ್ತೇವೆ, "ಟೂರ್‌ಗೆ ಮನೇಲಿ ಬಿಡಲ್ಲ" ಅಂತಲೂ ಅನ್ನುತ್ತೇವೆ. ಎರಡೂ ಬಿಡುವುದೇ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಲೀವ್, ಎರಡನೆಯದಕ್ಕೆ ಲೆಟ್. ಹುಡುಗ ಎರಡನೆಯದನ್ನು ಹೇಳಲು ಹೋಗಿ ಮೊದಲನೆಯದನ್ನು ಹಿಡಿದಿದ್ದ, ಅಷ್ಟೇ.

ದೊಡ್ಡವರಾಗಿ ಆಫೀಸು ಸೇರಿದ ಮೇಲೂ ಈ ಗೊಂದಲ ಹೋಗುವುದಿಲ್ಲ. ಹಾಗಾಗಿ ಬುಡದಿಂದಲೇ ಶುರುಮಾಡೋಣ.

ಮೊದಲು, ಲೀವ್ ಎರಡು ಅಂತ ತಿಳಿದುಕೊಳ್ಳಿ

ಬಿಟ್ಟು ಹೋಗುವ ಲೀವ್ ಬೇರೆ, ರಜೆಯ ಲೀವ್ ಬೇರೆ. ಬರೆಯುವುದು ಒಂದೇ ಥರ, ಹೇಳುವುದೂ ಒಂದೇ ಥರ, ಆದರೆ ಹಳೆಯ ಇಂಗ್ಲಿಷಿನಲ್ಲಿ ಇವೆರಡು ಬೇರೆ ಬೇರೆ ಪದಗಳು. ರಜೆಯ ಲೀವ್‌ಗೆ ಮೂಲದಲ್ಲಿದ್ದ ಅರ್ಥ ಅನುಮತಿ. ಕೆಲಸಕ್ಕೆ ಬಾರದೇ ಇರಲು ಕೊಡುವ ಅನುಮತಿಗೆ "ಲೀವ್ ಆಫ್ ಆಬ್ಸೆನ್ಸ್" ಅಂದರು, ಬಾಯಲ್ಲಿ ಸವೆದು ಸವೆದು ಬರೀ ಲೀವ್ ಉಳಿಯಿತು. ಜರ್ಮನಿಯಲ್ಲಿರುವ ನಮ್ಮವರಿಗೆ ಇದು ಬೇಗ ಹೊಳೆಯುತ್ತದೆ. ಅಲ್ಲಿ ರಜೆಗೆ "ಉರ್ಲೌಬ್", ಅನುಮತಿ ಕೊಡುವುದಕ್ಕೆ "ಎರ್ಲೌಬೆನ್". ಇಂಗ್ಲಿಷಿನ ಲೀವ್ ಕೂಡ ಅದೇ ಬೇರಿನದು.

ಅಷ್ಟು ದೂರ ಯಾಕೆ, ನಮ್ಮ "ರಜೆ"ಯನ್ನೇ ನೋಡಿ. ಅರಬ್ಬಿಯಿಂದ ಪಾರಸಿ, ಉರ್ದು ದಾಟಿ ನಮ್ಮಲ್ಲಿಗೆ ಬಂದ ಪದ ಇದು. ಅಲ್ಲಿ "ರಜಾ" ಅಂದರೆ ಒಪ್ಪಿಗೆ. ಜಗಳ ಬಿಟ್ಟು ರಾಜಿ ಆಗುತ್ತೇವಲ್ವಾ, ಆ ರಾಜಿಯೂ ಇದರ ಒಡಹುಟ್ಟು. ಅಂದರೆ ಇಂಗ್ಲಿಷಿನವರೂ ನಾವೂ, ಒಬ್ಬರನ್ನೊಬ್ಬರು ಕೇಳದೆಯೇ, ರಜೆಯನ್ನು ಇನ್ನೊಬ್ಬರ ಒಪ್ಪಿಗೆ ಅಂತಲೇ ಕರೆದಿದ್ದೇವೆ. ನನಗೆ ಇದು ಬಹಳ ಇಷ್ಟದ ಸಂಗತಿ. ಮುಂದಿನ ಎಲ್ಲದಕ್ಕೂ ಕೀಲಿಕೈ ಇದೇ. ಲೀವ್ ಅಂದರೆ ಕೇಳಿ ಪಡೆಯುವಂಥದ್ದು.

ಆಮೇಲೆ, ಲೀವೋ ಹಾಲಿಡೇಯೋ ನೋಡಿ

"ಇವತ್ತು ಸ್ಕೂಲಿಗೆ ಲೀವ್" ಅಂತ ಮಕ್ಕಳು ಹೇಳುತ್ತಾರೆ. ಜೋರು ಮಳೆ ಅಂತ ಜಿಲ್ಲಾಧಿಕಾರಿ ರಜೆ ಘೋಷಿಸಿದ್ದರೆ ಅದು ಹಾಲಿಡೇ. ಭಾನುವಾರ, ದೀಪಾವಳಿ, ರಾಜ್ಯೋತ್ಸವ ಎಲ್ಲವೂ ಹಾಲಿಡೇ. ನೀವು ಕೇಳಲಿಲ್ಲ, ತಾನಾಗಿ ಬಂತು. ಜ್ವರ ಬಂದು ನೀವೊಬ್ಬರೇ ಚೀಟಿ ಕೊಟ್ಟು ಮನೆಯಲ್ಲಿದ್ದರೆ ಅದು ಲೀವ್. ಕನ್ನಡದಲ್ಲಿ ಎರಡಕ್ಕೂ ರಜೆ ಅನ್ನುವುದರಿಂದ ಇಲ್ಲಿ ಎಡವುತ್ತೇವೆ. "ನಾನು ಕೇಳಿದೆನಾ?" ಅಂತ ಒಮ್ಮೆ ಅಂದುಕೊಂಡರೆ ಸಾಕು.

ವಾಕ್ಯದಲ್ಲಿ ಕೂರಿಸುವಾಗ

ಕನ್ನಡದಲ್ಲಿ ನಾವು ರಜೆ ಹಾಕುತ್ತೇವೆ. ಅದೇ ಗುಂಗಿನಲ್ಲಿ "ಐ ಪುಟ್ ಲೀವ್" ಅಂತ ಬಂದುಬಿಡುತ್ತದೆ. ಬೆಂಗಳೂರಿನ ಆಫೀಸಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಲಂಡನ್ನಿನ ಕ್ಲೈಂಟ್‌ಗೆ ಆಗುವುದಿಲ್ಲ. ಅರ್ಜಿ ಕೊಟ್ಟಿದ್ದರೆ "ಐ ಹ್ಯಾವ್ ಅಪ್ಲೈಡ್ ಫಾರ್ ಲೀವ್". ಸಿಕ್ಕಿದ್ದರೆ "ಐ ಹ್ಯಾವ್ ಟೇಕನ್ ಲೀವ್". ರಜೆಯಲ್ಲೇ ಇದ್ದರೆ "ಐ ಆಮ್ ಆನ್ ಲೀವ್". ಇಲ್ಲಿ ಇನ್ ಬರುವುದಿಲ್ಲ, ಆನ್ ಬರುತ್ತದೆ.

ಎಣಿಸುವಾಗಲೂ ಸ್ವಲ್ಪ ಎಚ್ಚರ ಬೇಕು. ನಮ್ಮಲ್ಲಿ "ಎಷ್ಟು ಲೀವ್ಸ್ ಉಳಿದಿದೆ?" ಅಂತ ದಿನಾ ಕೇಳುತ್ತೇವೆ. ಆದರೆ ಹೊರಗಿನವರಿಗೆ ಲೀವ್ಸ್ ಅಂದರೆ ಮೊದಲು ನೆನಪಾಗುವುದು ಗಿಡದ ಎಲೆಗಳು. ಸಕ್ಕರೆ, ನೀರಿನ ಹಾಗೆ ಲೀವ್ ಕೂಡ ಬಿಡಿಬಿಡಿಯಾಗಿ ಎಣಿಸುವ ಪದವಲ್ಲ, ಎಣಿಸಬೇಕಾದ್ದು ದಿನಗಳನ್ನು. "ಟೂ ಡೇಸ್ ಆಫ್ ಲೀವ್" ಅನ್ನಿ, ಎಲ್ಲ ಕಡೆಯೂ ನಡೆಯುತ್ತದೆ.

ಇನ್ನೊಂದು ಜಾಗವಂತೂ ನಿಜಕ್ಕೂ ಅಪಾಯದ್ದು. ನನ್ನ ಪರಿಚಯದ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳು, ಊರ ಜಾತ್ರೆಗೆ ಹೋಗಬೇಕಿತ್ತು. "ಐ ವಾಂಟ್ ಟು ಲೀವ್ ಫ್ರಮ್ ಮಂಡೇ" ಅಂತ ಮೇಲ್ ಹಾಕಿದಳು. ಮ್ಯಾನೇಜರ್ ಗಾಬರಿಯಾಗಿ ಕರೆಸಿ, "ಯಾಕಮ್ಮಾ, ಏನಾದರೂ ತೊಂದರೆ ಆಯಿತಾ, ಕೆಲಸ ಬಿಡ್ತೀಯಾ?" ಅಂತ ಕೇಳಿದರಂತೆ. ಸುಮ್ನೆ ಒಂದು "ಟು" ಸೇರಿ ರಜೆಯ ಅರ್ಜಿ ರಾಜೀನಾಮೆಯ ಹಾಗೆ ಕಂಡಿತ್ತು. "ಐ ವಾಂಟ್ ಲೀವ್" ಅಂದರೆ ರಜೆ ಬೇಕು, "ಐ ವಾಂಟ್ ಟು ಲೀವ್" ಅಂದರೆ ಹೊರಟುಬಿಡಬೇಕು. ಟು ಬಂದ ಕೂಡಲೇ ಅದು ಬಿಟ್ಟು ಹೋಗುವ ಲೀವ್ ಆಗುತ್ತದೆ.

ಈಗ ಅರ್ಜಿ ಬರೆಯೋಣ

ಕೇಳುವ ಪದ ಅಂತ ಗೊತ್ತಾದ ಮೇಲೆ ಅರ್ಜಿ ಸುಲಭ. ಎಷ್ಟು ದಿನ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾಕೆ, ಆ ದಿನಗಳಲ್ಲಿ ನಿಮ್ಮ ಕೆಲಸ ಯಾರು ನೋಡಿಕೊಳ್ಳುತ್ತಾರೆ, ಇಷ್ಟಿದ್ದರೆ ಸಾಕು. "ಐ ರಿಕ್ವೆಸ್ಟ್ ಯು ಟು ಗ್ರಾಂಟ್ ಮಿ ಲೀವ್ ಫ್ರಮ್ 12 ಟು 14 ಜೂನ್" ಅಂತ ಶುರುಮಾಡಿ. ಗ್ರಾಂಟ್ ಅಂದರೆ ಮಂಜೂರು ಮಾಡುವುದು, ಲೀವ್‌ಗೆ ಒಪ್ಪುವ ಜೊತೆಗಾರ ಅದು. "ಐ ಆಮ್ ಟೇಕಿಂಗ್ ಲೀವ್ ಟುಮಾರೋ" ಅಂತ ಬರೆದರೆ ವ್ಯಾಕರಣ ಸರಿ, ಆದರೆ ಕೇಳಿದ ಹಾಗಿಲ್ಲ, ತಿಳಿಸಿದ ಹಾಗಿದೆ. ಕೆಲವು ಆಫೀಸುಗಳಲ್ಲಿ ಅದೇ ರೂಢಿ. ಅಲ್ಲಿ ಅದು ಸರಿಯೇ.

ಸರ್ಕಾರಿ ಕೆಲಸದಲ್ಲಿ ಈ ವ್ಯತ್ಯಾಸಕ್ಕೆ ತೂಕ ಜಾಸ್ತಿ. ಕೇಂದ್ರ ಸರ್ಕಾರಿ ನೌಕರರ 1972ರ ರಜಾ ನಿಯಮಗಳಲ್ಲಿ 7ನೇ ನಿಯಮ ಶುರುವಾಗುವುದೇ ರಜೆಯನ್ನು ಹಕ್ಕು ಅಂತ ಕೇಳುವಂತಿಲ್ಲ ಅನ್ನುವ ಮಾತಿನಿಂದ. ಕೆಲಸದ ಒತ್ತಡವಿದ್ದರೆ ಅಧಿಕಾರಿ ರಜೆಯನ್ನು ನಿರಾಕರಿಸಬಹುದು, ಕೊಟ್ಟದ್ದನ್ನು ವಾಪಸ್ ಪಡೆಯಲೂಬಹುದು. ಆದರೆ ನೀವು ಲಿಖಿತವಾಗಿ ಕೇಳದೆ, ನೀವು ಕೇಳಿದ ಬಗೆಯ ರಜೆಯನ್ನು ಇನ್ನೊಂದು ಬಗೆಗೆ ಬದಲಿಸುವಂತಿಲ್ಲ. ಗಳಿಕೆ ರಜೆ ಕೇಳಿದವರು ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹೆರಿಗೆ ರಜೆಯ ವಿಷಯ ಬೇರೆ. ಅದು ಮೇಲಿನವರ ದೊಡ್ಡ ಮನಸ್ಸಿನಿಂದ ಸಿಗುವುದಲ್ಲ, ಕಾನೂನೇ ಕೊಟ್ಟದ್ದು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ಮೊದಲ ಎರಡು ಮಕ್ಕಳಿಗೆ 12 ವಾರ ಇದ್ದದ್ದನ್ನು 26 ವಾರ ಮಾಡಿದರು. ಹೆಸರಿನಲ್ಲಿ ಲೀವ್ ಇದೆ ಅಂತ ಬೇಡಿಕೊಳ್ಳುವ ಧಾಟಿಯಲ್ಲಿ ಬರೆಯುವ ಹೆಣ್ಣುಮಕ್ಕಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. "ಐ ವಿಲ್ ಬಿ ಆನ್ ಮೆಟರ್ನಿಟಿ ಲೀವ್ ಫ್ರಮ್" ಅಂತ ತಾರೀಖು ಹಾಕಿ ನೇರವಾಗಿ ಬರೆಯಿರಿ. ಇಲ್ಲಿ ತಿಳಿಸುವ ಧಾಟಿಯೇ ಸರಿ.

ಒಂದೆರಡು ಗಂಟೆ ಮಾತ್ರ ಬೇಕಿದ್ದರೆ? ನಮ್ಮ ಕಡೆ ಅದಕ್ಕೆ "ಪರ್ಮಿಷನ್" ಅನ್ನುತ್ತಾರೆ. "ಒಂದು ಗಂಟೆ ಪರ್ಮಿಷನ್ ಹಾಕಿ ಬ್ಯಾಂಕಿಗೆ ಹೋಗಿದ್ದೆ." ಇಲ್ಲಿ ಚೆನ್ನಾಗಿ ಓಡುವ ಮಾತು, ಹೊರದೇಶದವರಿಗೆ ಇದು ಗೊತ್ತಾಗುವುದಿಲ್ಲ. ಅವರಿಗೆ "ಮೇ ಐ ಲೀವ್ ಆನ್ ಅವರ್ ಅರ್ಲಿ?" ಅನ್ನಿ. ಗಮನಿಸಿ, ಈ ಲೀವ್ ಹೊರಡುವ ಲೀವ್. ಅನುಮತಿ ಕೇಳುವ ಕೆಲಸವನ್ನು "ಮೇ" ಮಾಡುತ್ತಿದೆ.

ಕೋರ್ಟಿನಲ್ಲಿ, ಬಾಡಿಗೆ ಮನೆಯಲ್ಲಿ

ಹಳೆಯ ಅರ್ಥ ಇನ್ನೂ ಹಾಗೇ ಉಳಿದಿರುವುದು ಕಾನೂನಿನ ಭಾಷೆಯಲ್ಲಿ. ಪೇಪರ್‌ನಲ್ಲಿ ಎಸ್‌ಎಲ್‌ಪಿ ಅಂತ ಓದುತ್ತೇವಲ್ಲ, ಅದು ಸ್ಪೆಷಲ್ ಲೀವ್ ಪಿಟಿಷನ್, ಸಂವಿಧಾನದ 136ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿಗೆ ಹಾಕುವಂಥದ್ದು. ಇಲ್ಲಿ ಯಾರೂ ರಜೆ ಕೇಳುತ್ತಿಲ್ಲ. ಮೇಲ್ಮನವಿ ಸಲ್ಲಿಸಲು ವಿಶೇಷ ಅನುಮತಿ ಕೇಳುತ್ತಾರೆ. ಕೋರ್ಟು ಒಪ್ಪಿದರೆ ಆದೇಶದಲ್ಲಿ "ಲೀವ್ ಗ್ರಾಂಟೆಡ್" ಅಂತ ಬರುತ್ತದೆ, ಅಲ್ಲಿಂದ ಮುಂದೆ ಅದು ಮೇಲ್ಮನವಿ. ನಮ್ಮ ಕಾವೇರಿಯೂ ಇದೇ ಬಾಗಿಲಿನಿಂದ ಒಳಗೆ ಹೋಗಿದ್ದು. ನ್ಯಾಯಮಂಡಳಿಯ 2007ರ ಐತೀರ್ಪಿನ ಮೇಲೆ ರಾಜ್ಯಗಳು ವಿಶೇಷ ಅನುಮತಿ ಕೇಳಿ ಹೋದವು, 2018ರ ಫೆಬ್ರುವರಿ 16ರಂದು ಬಂದ ತೀರ್ಪಿನಲ್ಲಿ ಕರ್ನಾಟಕಕ್ಕೆ 14.75 ಟಿಎಂಸಿ ನೀರು ಹೆಚ್ಚಿಗೆ ಸಿಕ್ಕಿತು.

ಮುಂಬೈಗೆ ಹೋದ ಕನ್ನಡಿಗರಿಗೆ ಇನ್ನೊಂದು ಕಾಗದ ಎದುರಾಗುತ್ತದೆ, "ಲೀವ್ ಅಂಡ್ ಲೈಸೆನ್ಸ್" ಕರಾರು. ಮನೆ ಬಿಡುವ ಕರಾರು ಅಂತ ಹೆದರಬೇಡಿ. ಲೀವ್ ಅಂದರೂ ಅನುಮತಿ, ಲೈಸೆನ್ಸ್ ಅಂದರೂ ಅನುಮತಿ. ಮನೆಯಲ್ಲಿ ಇರಲು ಮಾಲೀಕರು ಒಪ್ಪಿಗೆ ಕೊಟ್ಟಿದ್ದಾರೆ ಅಂತ ಎರಡು ಸಲ ಹೇಳಿದ ಹಾಗೆ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಮುಂಗಡ ಕೊಟ್ಟು ಹಾಕಿಸಿಕೊಳ್ಳುವ "ಲೀಸ್" ಜೊತೆ ಇದನ್ನು ಬೆರೆಸಬೇಡಿ. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ಕಾಯ್ದೆಯ ಪ್ರಕಾರ ಈ ಕರಾರನ್ನು ನೋಂದಣಿ ಮಾಡಿಸಲೇಬೇಕು.

ಕೊನೆಗೆ, ಹೊರಡುವಾಗ

ಸಭೆ ಮುಗಿದ ಮೇಲೆ "ಐ ಟೇಕ್ ಯುವರ್ ಲೀವ್" ಅಂತ ಹೇಳುವ ಹಿರಿಯರನ್ನು ನೋಡಿರಬಹುದು. ನಿಮ್ಮ ಅಪ್ಪಣೆ ಪಡೆದು ಹೊರಡುತ್ತೇನೆ ಅಂತ ಅರ್ಥ. ಈಗ ಸ್ವಲ್ಪ ಹಳೆಯ ಧಾಟಿ ಅನಿಸುತ್ತದೆ, ಭಾಷಣದಲ್ಲಿ ಬಳಸಬಹುದು, ಗೆಳೆಯರ ಮಧ್ಯೆ ಬೇಡ. ಇದಕ್ಕೆ ಕನ್ನಡದಲ್ಲಿ ಏನು ಅಂತ ಅದೇ ಎಂಟನೇ ಕ್ಲಾಸಿನಲ್ಲಿ ಕೇಳಿದ್ದೆ. ಮಕ್ಕಳು ಡಿಕ್ಷನರಿ ತೆರೆದರು. ರಜಾ ಚೀಟಿಯ ಹುಡುಗ ಮಾತ್ರ, ಮದುವೆ ಮುಗಿಸಿ ಕೈಯ ಮದರಂಗಿ ಇನ್ನೂ ಮಾಸಿರದಿದ್ದವನು, ಎದ್ದು ನಿಂತು ಅವರಜ್ಜಿ ನೆಂಟರ ಮನೆ ಬಾಗಿಲಲ್ಲಿ ಹೇಳುವುದನ್ನೇ ಹೇಳಿದ.

"ಬರ್ಲಾ?"