ಸೊನ್ನೆಯ ಗಳಿಗೆ ಎಲ್ಲಿದೆ?

ನನ್ನ ಮೊದಲ ಮೆಟಾ ವಿಶ್ಲೇಷಣೆಯ ಫಾರೆಸ್ಟ್ ಪ್ಲಾಟ್ ಪರದೆಯ ಮೇಲೆ ಮೂಡಿದಾಗ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ. ಮೆಟಾ ವಿಶ್ಲೇಷಣೆ ಎಂದರೆ ಒಂದೇ ಪ್ರಶ್ನೆ ಕೇಳಿದ ಹಲವು ಅಧ್ಯಯನಗಳನ್ನು ಕೂಡಿಸಿ ಒಂದು ಉತ್ತರ ಪಡೆಯುವುದು. ಅದರಲ್ಲಿ ಪ್ರತಿ ಅಧ್ಯಯನದ ಫಲಿತಾಂಶವನ್ನು ಒಂದು ಚೌಕವಾಗಿ ತೋರಿಸುವ ಚಿತ್ರವೇ ಫಾರೆಸ್ಟ್ ಪ್ಲಾಟ್. ನಾನು ಹಿಡಿದಿದ್ದ ಪ್ರಶ್ನೆ ಇದು: ಕ್ಯಾನ್ಸರ್ ಪತ್ತೆಯಾದ ಬಳಿಕ ಸ್ಟಾಟಿನ್ ಮಾತ್ರೆ ಶುರುಮಾಡಿದರೆ ರೋಗಿ ಹೆಚ್ಚು ಕಾಲ ಬದುಕುತ್ತಾರೆಯೇ? ಸ್ಟಾಟಿನ್ ಕೊಲೆಸ್ಟರಾಲ್ ಇಳಿಸುವ ಔಷಧ, ದಶಕಗಳಿಂದ ಬಳಕೆಯಲ್ಲಿದೆ. ಅದು ಕ್ಯಾನ್ಸರ್ ರೋಗಿಗಳಿಗೂ ನೆರವಾದರೆ ಎಷ್ಟೊಂದು ಜೀವಗಳು ಉಳಿದಾವು ಎಂಬ ಆಸೆಯೇ ನನ್ನನ್ನು ಈ ಕೆಲಸಕ್ಕೆ ಎಳೆದಿತ್ತು. ಚಿತ್ರದಲ್ಲಿ ಹೆಚ್ಚುಕಡಿಮೆ ಎಲ್ಲ ಅಧ್ಯಯನಗಳ ಚೌಕಗಳೂ, ವ್ಯತ್ಯಾಸವೇ ಇಲ್ಲ ಎಂದು ಸೂಚಿಸುವ 1ರ ಗೆರೆಯ ಎಡಕ್ಕೆ ನಿಂತಿದ್ದವು. ಅಂದರೆ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಕಡಿಮೆ. ಎಲ್ಲವನ್ನೂ ಕೂಡಿಸಿದ ಫಲಿತಾಂಶದ ವಜ್ರಾಕೃತಿ ಎಷ್ಟು ಕಿರಿದಾಗಿತ್ತೆಂದರೆ, ಇನ್ನು ಸಂಶಯಕ್ಕೆ ಎಡೆಯೇ ಇಲ್ಲ ಅನ್ನಿಸಿತು.

ನನಗೆ ಸಂಖ್ಯಾಶಾಸ್ತ್ರ ಕಲಿಸಿದ ಮೇಡಂ ಚಿತ್ರ ನೋಡಿ ಎರಡೇ ಪ್ರಶ್ನೆ ಕೇಳಿದರು. "ಈ ಒಂದು ಚೌಕ ಯಾಕೆ ಇಷ್ಟು ದೊಡ್ಡದಿದೆ?" ಮತ್ತು "ಈ ರೋಗಿಗಳನ್ನು ಯಾವ ದಿನದಿಂದ ಎಣಿಸಿದ್ದಾರೆ?" ಮೊದಲನೆಯದಕ್ಕೆ ಅರ್ಧ ಗಂಟೆಯಲ್ಲಿ ಉತ್ತರ ಸಿಕ್ಕಿತು. ಎರಡನೆಯದಕ್ಕೆ ಉತ್ತರ ಹುಡುಕುವುದರಲ್ಲಿ ಮುಂದಿನ ಎರಡು ವರ್ಷ ಕಳೆದವು.

ದೊಡ್ಡ ಚೌಕ ನನ್ನದೇ ತಪ್ಪಿನ ಫಲ. ಮೆಟಾ ವಿಶ್ಲೇಷಣೆಯಲ್ಲಿ ಪ್ರತಿ ಅಧ್ಯಯನಕ್ಕೂ ಒಂದು ತೂಕವಿರುತ್ತದೆ, ತೂಕ ಹೆಚ್ಚಿದಷ್ಟೂ ಚೌಕ ದೊಡ್ಡದು. ಅದು ಮಾನಕ ದೋಷದ, ಅಂದರೆ ಅಂದಾಜಿನಲ್ಲಿರುವ ಅನಿಶ್ಚಿತತೆಯ ಅಳತೆಯ, ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ: ದೋಷ ಕಡಿಮೆಯಾದಷ್ಟೂ ತೂಕ ಹೆಚ್ಚು. ಹ್ಯಾಜರ್ಡ್ ರೇಷಿಯೊದಂಥ (ಎರಡು ಗುಂಪುಗಳಲ್ಲಿ ಸಾವು ಸಂಭವಿಸುವ ವೇಗದ ಹೋಲಿಕೆ) ಅನುಪಾತಗಳನ್ನು ಕೂಡಿಸುವಾಗ ಎಲ್ಲ ಲೆಕ್ಕವೂ ಲಾಗರಿದಮ್ ಮಾಪನದಲ್ಲಿ ನಡೆಯಬೇಕು. ಅನುಪಾತ 0.60, ಅದರ ಶೇ 95 ವಿಶ್ವಾಸ ವ್ಯಾಪ್ತಿ (ನಿಜವಾದ ಮೌಲ್ಯ ಇರಬಹುದಾದ ಎಲ್ಲೆ) 0.40ರಿಂದ 0.90 ಎಂದಿಟ್ಟುಕೊಳ್ಳಿ. ಎರಡು ತುದಿಗಳ ಲಾಗ್ ತೆಗೆದು, ವ್ಯತ್ಯಾಸವನ್ನು 3.92ರಿಂದ (ಶೇ 95 ವ್ಯಾಪ್ತಿಗೆ ಎರಡೂ ಬದಿಗೆ 1.96 ಮಾನಕ ದೋಷ) ಭಾಗಿಸಿದರೆ ಮಾನಕ ದೋಷ ಸುಮಾರು 0.21. ದೊಡ್ಡ ಚೌಕದ ಆ ಅಧ್ಯಯನದ ಸಾಲಿನಲ್ಲಿ ನಾನು ಲಾಗ್ ತೆಗೆಯುವುದನ್ನೇ ಮರೆತಿದ್ದೆ. ಹಾಗೆ ಮಾಡಿದರೆ ಮೇಲಿನ ಉದಾಹರಣೆಯಲ್ಲಿ ಬರುವುದು 0.13ರ ಸಮೀಪ. ನೋಡಲು ಸಣ್ಣ ವ್ಯತ್ಯಾಸ. ಆದರೆ ತೂಕದಲ್ಲಿ ವರ್ಗವಾಗುವುದರಿಂದ ಆ ಅಧ್ಯಯನ ತನಗೆ ಸಲ್ಲಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಭಾರವಾಗಿ ಕೂತುಬಿಡುತ್ತದೆ. ಅಂದಿನಿಂದ ಪ್ರತಿ ಸಾಲಿಗೂ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ: ಎರಡು ತುದಿಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ಮಧ್ಯದ ಅಂದಾಜು ಹೆಚ್ಚುಕಡಿಮೆ ಅಷ್ಟೇ ಬರಬೇಕು. 0.40 ಮತ್ತು 0.90 ಗುಣಿಸಿದರೆ 0.36, ಅದರ ವರ್ಗಮೂಲ 0.60. ಬರದಿದ್ದರೆ ಎಲ್ಲೋ ಅಚ್ಚಿನ ದೋಷವಿದೆ, ಇಲ್ಲವೇ ನಾನು ತಪ್ಪು ಕೋಷ್ಟಕ ನೋಡುತ್ತಿದ್ದೇನೆ. ರಕ್ತದೊತ್ತಡದಂಥ ಸರಾಸರಿಗಳನ್ನು ಕೂಡಿಸುವವರು ಇನ್ನೂ ಎಚ್ಚರವಾಗಿರಬೇಕು. ಅಲ್ಲಿ ಮಾನಕ ದೋಷವನ್ನು ಮಾನಕ ವಿಚಲನೆಯೆಂದು (ವ್ಯಕ್ತಿಯಿಂದ ವ್ಯಕ್ತಿಗೆ ಇರುವ ಏರಿಳಿತದ ಅಳತೆ) ಓದಿಕೊಂಡರೆ, ಗುಂಪಿನಲ್ಲಿ 100 ಜನರಿದ್ದಾಗ ತೂಕ 100 ಪಟ್ಟು ಹೆಚ್ಚುತ್ತದೆ.

ತಪ್ಪು ತಿದ್ದಿದ ಮೇಲೆ ವಜ್ರ ಸ್ವಲ್ಪ ಅಗಲವಾಯಿತು, ಆದರೆ ಎಡಕ್ಕೇ ಇತ್ತು. ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಆ ಪ್ರಶ್ನೆಯ ತಿರುಳು ನನಗೆ ಅರ್ಥವಾಗಿರಲಿಲ್ಲ ಎಂದು ಮೇಡಂ ಬಳಿ ಒಪ್ಪಿಕೊಂಡೆ. "ಸಾವಿರ ಜನರನ್ನು ಕಾಗದದ ಮೇಲೆ ಇಟ್ಟು ನೀವೇ ಎಣಿಸಿ ನೋಡಿ. ಮಾತ್ರೆಯಲ್ಲಿ ಬರೀ ಸುಣ್ಣದ ಪುಡಿ ಇದೆ ಎಂದುಕೊಳ್ಳಿ" ಎಂದರು.

ಎಣಿಸಿದೆ. ಸಾವಿರ ಜನರಿಗೆ ಒಂದೇ ದಿನ ಕ್ಯಾನ್ಸರ್ ಪತ್ತೆಯಾಯಿತು. ಮೊದಲ ಆರು ತಿಂಗಳಲ್ಲಿ 100 ಜನ ತೀರಿಕೊಂಡರು. ಉಳಿದ 900 ಜನರಲ್ಲಿ 300 ಜನ ಆಗ ಮಾತ್ರೆ ಶುರುಮಾಡಿದರು. ಮಾತ್ರೆಗೆ ಯಾವ ಗುಣವೂ ಇಲ್ಲದ ಕಾರಣ ಮುಂದಿನ ಆರು ತಿಂಗಳಲ್ಲಿ ಎರಡೂ ಗುಂಪುಗಳಲ್ಲಿ ಶೇ 10ರಷ್ಟು ಜನ ಸತ್ತರು: ಮಾತ್ರೆಯವರಲ್ಲಿ 30, ಉಳಿದವರಲ್ಲಿ 60. ಈಗ ವರ್ಷದ ಕೊನೆಗೆ ದಾಖಲೆ ತೆರೆದು, ಯಾವಾಗಲಾದರೂ ಮಾತ್ರೆ ತೆಗೆದುಕೊಂಡವರು ಮತ್ತು ಎಂದೂ ತೆಗೆದುಕೊಳ್ಳದವರು ಎಂದು ವಿಂಗಡಿಸಿ, ಇಬ್ಬರನ್ನೂ ಪತ್ತೆಯಾದ ದಿನದಿಂದಲೇ ಎಣಿಸೋಣ. ಮಾತ್ರೆಯವರಲ್ಲಿ 300ಕ್ಕೆ 30, ಅಂದರೆ ಶೇ 10 ಸಾವು. ಉಳಿದವರಲ್ಲಿ 700ಕ್ಕೆ 160, ಅಂದರೆ ಶೇ 23ರ ಸಮೀಪ. ಸುಣ್ಣದ ಪುಡಿ ಸಾವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿಬಿಟ್ಟಿತು!

ಆ ಹಾಳೆಯನ್ನು ಮೂರು ಸಲ ಮತ್ತೆ ಕೂಡಿ ನೋಡಿದೆ. ಲೆಕ್ಕದಲ್ಲಿ ತಪ್ಪಿಲ್ಲ. ಮಾತ್ರೆಯ ಗುಂಪಿಗೆ ಸೇರಬೇಕಾದರೆ ಮೊದಲ ಆರು ತಿಂಗಳು ಬದುಕಿರಲೇಬೇಕು. ಆ ಆರು ತಿಂಗಳಲ್ಲಿ ಅವರಿಗೆ ಸಾವು ಬರುವಂತೆಯೇ ಇಲ್ಲ. ಬೇಗ ತೀರಿಕೊಂಡವರೆಲ್ಲ ತಾವಾಗಿಯೇ ಇನ್ನೊಂದು ಗುಂಪಿನ ಲೆಕ್ಕಕ್ಕೆ ಬೀಳುತ್ತಾರೆ. ಇದನ್ನು ಅಮರ ಕಾಲದ ಪಕ್ಷಪಾತ ಎಂದು ಕರೆಯುವುದು ಎಷ್ಟು ತಕ್ಕ ಹೆಸರು ಎಂದು ಅಂದು ತಿಳಿಯಿತು. ವಯಸ್ಸು, ಕ್ಯಾನ್ಸರಿನ ಹಂತ, ಧೂಮಪಾನ ಎಂದು ಎಷ್ಟೇ ಅಂಶಗಳಿಗೆ ಹೊಂದಾಣಿಕೆ ಮಾಡಿದರೂ ಇದು ಹೋಗುವುದಿಲ್ಲ, ಏಕೆಂದರೆ ಇಲ್ಲಿ ಇಬ್ಬರ ನಡುವಿನ ವ್ಯತ್ಯಾಸ ರೋಗಿಗಳದ್ದಲ್ಲ, ಎಣಿಸಿದವರದ್ದು. ಇಂಥ ಹತ್ತು ಅಧ್ಯಯನಗಳನ್ನು ಕೂಡಿಸಿದರೆ ಅದೇ ತಪ್ಪು ಉತ್ತರ ಇನ್ನಷ್ಟು ಕಿರಿದಾದ ವಜ್ರವಾಗಿ ಹೊಳೆಯುತ್ತದೆ. ಕೂಡಿಸುವುದರಿಂದ ಆಕಸ್ಮಿಕ ಏರಿಳಿತ ಕುಗ್ಗುತ್ತದೆ. ಎಲ್ಲರೂ ಒಂದೇ ಕಡೆಗೆ ವಾಲಿದ್ದರೆ ಆ ವಾಲು ಹಾಗೆಯೇ ಉಳಿಯುತ್ತದೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆಯನ್ನು ಮೇಡಂ ಅಂದು ಹೇಳಿದ್ದು ಇದಕ್ಕೇ.

ಹಾಗಾಗಿ ಕೆಲಸವನ್ನು ಬುಡದಿಂದ ಮತ್ತೆ ಶುರುಮಾಡಿದೆ. ಸಂಶೋಧಕರಾದ ಮಿಗೆಲ್ ಹೆರ್ನಾನ್ ಮತ್ತು ಜೇಮ್ಸ್ ರಾಬಿನ್ಸ್ 2016ರಲ್ಲಿ ಸ್ಪಷ್ಟವಾಗಿ ಬರೆದಿಟ್ಟ ದಾರಿಯೊಂದಿದೆ: ರೋಗಿಗಳ ದಾಖಲೆಗಳಿಂದ ಕಾರಣ ಮತ್ತು ಪರಿಣಾಮದ ಪ್ರಶ್ನೆ ಕೇಳುವ ಮೊದಲು, ಅದೇ ಪ್ರಶ್ನೆಗೆ ಉತ್ತರಿಸಬಲ್ಲ ಆದರ್ಶ ಯಾದೃಚ್ಛಿಕ ಪ್ರಯೋಗವನ್ನು (ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿದಂತೆ ನಿಗದಿಮಾಡುವ ಪ್ರಯೋಗ) ಕಾಗದದ ಮೇಲೆ ರೂಪಿಸಿ, ದಾಖಲೆಗಳನ್ನು ಅದಕ್ಕೆ ಸಾಧ್ಯವಾದಷ್ಟು ಹತ್ತಿರ ತರುವುದು. ಯಾರು ಅರ್ಹರು, ಯಾವ ಎರಡು ಚಿಕಿತ್ಸಾ ಕ್ರಮಗಳ ಹೋಲಿಕೆ, ಯಾವ ದಿನದಿಂದ ಎಣಿಕೆ, ಎಲ್ಲಿಯವರೆಗೆ, ಯಾವ ಫಲಿತಾಂಶ. ನಾನು ಇದನ್ನು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡೆ. ಆಮೇಲೆ ಪ್ರತಿ ಅಧ್ಯಯನಕ್ಕೂ ಒಂದೇ ಪ್ರಶ್ನೆ: ರೋಗಿ ಅರ್ಹರಾದ ಗಳಿಗೆ, ಗುಂಪು ನಿಗದಿಯಾದ ಗಳಿಗೆ, ಎಣಿಕೆ ಶುರುವಾದ ಗಳಿಗೆ, ಈ ಮೂರೂ ಒಂದೇ ಆಗಿವೆಯೇ? ಮೂರೂ ಕೂಡುವ ಆ ಗಳಿಗೆಯೇ ಸೊನ್ನೆಯ ಗಳಿಗೆ. ನಿಜವಾದ ಪ್ರಯೋಗದಲ್ಲಿ ಮೂರೂ ಒಟ್ಟಿಗೆ ಬರುತ್ತವೆ. ದಾಖಲೆಗಳ ಅಧ್ಯಯನದಲ್ಲಿ ಅವು ಚೆದುರಿಹೋಗುತ್ತವೆ, ಮತ್ತು ಚೆದುರಿದ್ದನ್ನು ಲೇಖನದ ಸಾರಾಂಶ ಎಂದೂ ಹೇಳುವುದಿಲ್ಲ. ವಿಧಾನಗಳ ಭಾಗವನ್ನು, ಅದರಲ್ಲೂ ಔಷಧ ಬಳಕೆದಾರರೆಂದರೆ ಯಾರು ಎಂಬ ವ್ಯಾಖ್ಯೆಯ ಆ ಎರಡು ಸಾಲುಗಳನ್ನು, ಬೆರಳಿಟ್ಟು ಓದಬೇಕು. ಅರ್ಥವಾಗದ ಕಡೆ ಲೇಖಕರಿಗೆ ಪತ್ರ ಬರೆದೆ. ಕೆಲವರು ತುಂಬ ಉದಾರವಾಗಿ ಉತ್ತರಿಸಿದರು.

ಈ ಜರಡಿಯಲ್ಲಿ ಹೆಚ್ಚಿನವು ಸೋರಿಹೋದವು. ಕೆಲವು ಅಮರ ಕಾಲವನ್ನು ಒಳಗೊಂಡಿದ್ದವು. ಇನ್ನು ಕೆಲವು, ಕ್ಯಾನ್ಸರಿಗೆ ಎಷ್ಟೋ ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರನ್ನು ಹೊಸದಾಗಿ ಶುರುಮಾಡಿದವರೊಡನೆ ಬೆರೆಸಿದ್ದವು. ಅವುಗಳನ್ನು ನಾನು ಎಸೆಯಲಿಲ್ಲ. ಪ್ರತ್ಯೇಕ ಕೋಷ್ಟಕದಲ್ಲಿ ಇಟ್ಟು, ಪ್ರತಿಯೊಂದರ ಮುಂದೆ ತೊಂದರೆ ಯಾವುದು, ಅದು ಫಲಿತಾಂಶವನ್ನು ಯಾವ ದಿಕ್ಕಿಗೆ ಎಳೆಯುತ್ತದೆ ಎಂದು ಬರೆದೆ. ಅವುಗಳಿಗೆ ವಜ್ರ ಬರೆಯಲಿಲ್ಲ. ಬರೆದರೆ ಓದುವವರ ಕಣ್ಣು ಅಲ್ಲಿಗೇ ಹೋಗುತ್ತದೆ ಎಂದು ನನಗೆ ನನ್ನ ಅನುಭವದಿಂದಲೇ ಗೊತ್ತಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ ದಾಖಲೆಗಳ ಅಧ್ಯಯನವೇ ವ್ಯರ್ಥ ಎಂದು ನಾನು ಹೇಳಲಾರೆ, ಹಾಗೆ ಹೇಳುವವರೊಂದಿಗೆ ವಾದಿಸುತ್ತೇನೆ. ಋತುಬಂಧದ ನಂತರದ ಹಾರ್ಮೋನ್ ಚಿಕಿತ್ಸೆ ಹೃದಯವನ್ನು ಕಾಪಾಡುತ್ತದೆ ಎಂದು ಪ್ರಯೋಗ ಮಾಡದೆ ಜನರನ್ನು ಗಮನಿಸುವ ಹಲವು ವೀಕ್ಷಣಾ ಅಧ್ಯಯನಗಳು ಹೇಳಿದ್ದವು. 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ 16,608 ಮಹಿಳೆಯರ ಪ್ರಯೋಗದ ಫಲಿತಾಂಶ ಪ್ರಕಟಿಸಿದಾಗ ಆ ರಕ್ಷಣೆ ಕಾಣಲಿಲ್ಲ. ವೀಕ್ಷಣೆಯನ್ನು ನಂಬಲೇಬಾರದು ಎಂದು ಹಲವರು ತೀರ್ಮಾನಿಸಿದರು. ಆದರೆ 2008ರಲ್ಲಿ ಹೆರ್ನಾನ್ ಮತ್ತು ಸಂಗಡಿಗರು ಆ ವೀಕ್ಷಣಾ ಅಧ್ಯಯನಗಳಲ್ಲಿ ಒಂದಾದ ನರ್ಸಸ್ ಹೆಲ್ತ್ ಸ್ಟಡಿಯ ಅದೇ ಹಳೆಯ ದತ್ತಾಂಶವನ್ನು, ಚಿಕಿತ್ಸೆ ಹೊಸದಾಗಿ ಶುರುಮಾಡಿದ ದಿನದಿಂದ ಎಣಿಸಿ ಪ್ರಯೋಗದಂತೆ ವಿಶ್ಲೇಷಿಸಿದಾಗ, ಎರಡರ ನಡುವಿನ ಅಂತರ ಬಹುಪಾಲು ಕರಗಿತು. ದತ್ತಾಂಶ ಮೊದಲಿನಿಂದಲೂ ಸರಿಯಾಗಿಯೇ ಇತ್ತು, ಕೇಳಿದ ಪ್ರಶ್ನೆ ಬೇರೆಯಾಗಿತ್ತು.

ಉಳಿದ ಕೆಲವೇ ಅಧ್ಯಯನಗಳನ್ನು ಕೂಡಿಸುವಾಗ ವಿಧಾನವನ್ನೂ ಬದಲಿಸಿದೆ. 1986ರಿಂದ ಬಳಕೆಯಲ್ಲಿರುವ ಡರ್ಸಿಮೋನಿಯನ್–ಲೇರ್ಡ್ ವಿಧಾನ ಅಧ್ಯಯನಗಳು ಕಡಿಮೆಯಿದ್ದಾಗ ವಿಶ್ವಾಸ ವ್ಯಾಪ್ತಿಯನ್ನು ತೀರ ಕಿರಿದಾಗಿ ಕೊಡುತ್ತದೆ. ನಾನು ಹಾರ್ಟುಂಗ್–ನಾಪ್ ತಿದ್ದುಪಡಿ ಬಳಸಿದೆ. ಐದು ಅಧ್ಯಯನಗಳಿದ್ದರೆ ಅದು ಮಾನಕ ದೋಷವನ್ನು 1.96ರ ಬದಲಿಗೆ, ದತ್ತಾಂಶ ಕಡಿಮೆಯಿದ್ದಾಗ ಬಳಸುವ ಟೀ ವಿತರಣೆಯ 2.78ರಿಂದ ಗುಣಿಸುತ್ತದೆ. ಹಾಗಾಗಿ ವ್ಯಾಪ್ತಿ ಸಾಮಾನ್ಯವಾಗಿ ಅಗಲವಾಗುತ್ತದೆ. ಜೊತೆಗೆ ಮುನ್ಸೂಚನಾ ವ್ಯಾಪ್ತಿಯನ್ನೂ ಕೊಟ್ಟೆ, ಏಕೆಂದರೆ ಮುಂದಿನ ಹೊಸ ಸನ್ನಿವೇಶದಲ್ಲಿ ಏನಾದೀತು ಎಂಬುದನ್ನು ಹೇಳುವುದು ಅದು, ವಜ್ರವಲ್ಲ. ಪ್ರಕಟವಾಗದೆ ಉಳಿದ ಅಧ್ಯಯನಗಳ ಸುಳಿವು ಹುಡುಕಲು ಬಳಸುವ ಫನಲ್ ಪ್ಲಾಟ್ ಚಿತ್ರವನ್ನು ಬರೆಯಲಿಲ್ಲ. ಹತ್ತಕ್ಕಿಂತ ಕಡಿಮೆ ಅಧ್ಯಯನಗಳಲ್ಲಿ ಅದರ ಆಕಾರದಿಂದ ಏನನ್ನೂ ಓದಲಾಗದು.

ಇನ್ನೂ ಒಂದು ಅಳುಕು ಉಳಿದಿತ್ತು. ಹೆಚ್ಚು ದಿನ ಬದುಕಲಾರರು ಅನ್ನಿಸಿದ ರೋಗಿಗೆ ವೈದ್ಯರು ಕೊಲೆಸ್ಟರಾಲ್ ಮಾತ್ರೆಯನ್ನು ಹೊಸದಾಗಿ ಬರೆದುಕೊಡುವುದು ವಿರಳ. ಅಂದರೆ ಮಾತ್ರೆ ಸಿಕ್ಕಿದವರೇ ಗಟ್ಟಿಯಾಗಿದ್ದವರು. ಎಣಿಕೆಯ ದಿನ ಸರಿಪಡಿಸಿದರೂ ಈ ಗೊಂದಲಕಾರಿ ಅಂಶ ಇರುತ್ತದೆ. ಇದನ್ನು ತೂಗಲು ಸಂಶೋಧಕರಾದ ವಾಂಡರ್‌ವೀಲ್ ಮತ್ತು ಡಿಂಗ್ 2017ರಲ್ಲಿ ಮುಂದಿಟ್ಟ ಇ-ಮೌಲ್ಯ ಬಳಸಿದೆ. ಅಪಾಯದ ಅನುಪಾತ 0.80 ಇದ್ದರೆ ಇ-ಮೌಲ್ಯ 1.81. ಅಂದರೆ ನಾವು ಅಳೆಯದ ಒಂದು ಅಂಶ ಮಾತ್ರೆಯೊಂದಿಗೂ ಸಾವಿನೊಂದಿಗೂ 1.81 ಪಟ್ಟು ನಂಟು ಹೊಂದಿದ್ದರೆ ಸಾಕು, ಕಂಡ ಲಾಭವನ್ನೆಲ್ಲ ಅದೊಂದೇ ವಿವರಿಸಬಲ್ಲದು. ರೋಗಿಯ ಒಟ್ಟಾರೆ ದೈಹಿಕ ಸ್ಥಿತಿ ಅಷ್ಟು ಪ್ರಬಲ ಅಂಶವಲ್ಲ ಎಂದು ನಾನು ಎದೆ ಮುಟ್ಟಿ ಹೇಳಲಾರೆ. ಇನ್ನೊಂದು ದಾರಿ, ಔಷಧ ಮುಟ್ಟಲಾರದ ಫಲಿತಾಂಶವನ್ನು ನೋಡುವುದು. ಸ್ಟಾಟಿನ್ ಅನ್ನು ತಪ್ಪದೆ ತೆಗೆದುಕೊಳ್ಳುವವರಲ್ಲಿ ವಾಹನ ಅಪಘಾತಗಳೂ ಕಡಿಮೆ ಎಂದು 2009ರ ಅಧ್ಯಯನವೊಂದು ತೋರಿಸಿತ್ತು. ಮಾತ್ರೆ ಅಪಘಾತ ತಡೆಯುವುದಿಲ್ಲ. ಅದನ್ನು ನಿಯಮಿತವಾಗಿ ತೆಗೆದುಕೊಳ್ಳುವ ಜನ ಬದುಕನ್ನೂ ಜೋಪಾನವಾಗಿ ನಡೆಸುತ್ತಾರೆ.

ಕೊನೆಗೆ ಬಂದ ವಜ್ರ ಅಗಲವಾಗಿತ್ತು, 1ರ ಗೆರೆಯನ್ನು ದಾಟಿ ಎರಡೂ ಬದಿಗೆ ಚಾಚಿತ್ತು. ಪತ್ತೆಯಾದ ಬಳಿಕ ಶುರುಮಾಡಿದ ಸ್ಟಾಟಿನ್ ಬಗ್ಗೆ ಇದೇ ಬಗೆಯಲ್ಲಿ ಎಣಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೂ ಲಾಭ ಕಂಡಿರಲಿಲ್ಲ. ನನ್ನ ಆಸೆ ಮುರಿಯಿತು, ಅದನ್ನು ಮುಚ್ಚಿಡುವುದಿಲ್ಲ. ಹಸ್ತಪ್ರತಿಯ ಶೀರ್ಷಿಕೆಯಿಂದ 'ಲಾಭ' ಎಂಬ ಪದವನ್ನು ಅಳಿಸುವಾಗ ಕೈ ತಡೆಯಿತು.

ಕ್ಯಾನ್ಸರ್ ತಜ್ಞರಾದ ಸ್ನೇಹಿತರೊಬ್ಬರು ಕರಡು ಓದಿ, "ಹಾಗಾದರೆ ನನ್ನ ರೋಗಿಗಳಿಗೆ ಮಾತ್ರೆ ಕೊಡಬೇಕೋ ಬೇಡವೋ, ಅದನ್ನು ಹೇಳಿ" ಎಂದರು. ಹೃದಯಕ್ಕಾಗಿ ಬೇಕಾದವರಿಗೆ ಕೊಡುತ್ತಲೇ ಇರಿ, ಕ್ಯಾನ್ಸರಿನಿಂದ ಉಳಿಸುತ್ತದೆ ಎಂದು ಹೊಸದಾಗಿ ಶುರುಮಾಡಲು ಈ ದಾಖಲೆಗಳಲ್ಲಿ ಆಧಾರವಿಲ್ಲ ಎಂದೆ. ಅವರು ಆ ಮಾತನ್ನೇ ಸಾರಾಂಶದಲ್ಲಿ ಹಾಕಲು ಹೇಳಿದರು. ಹಾಕಿದೆ.